ನೀಲಿ ಬೆಂಕಿ ನೋಡಲು ಕಾವಾ ಈಜೆನ್‌ಗೆ: ಈ ಪ್ರವಾಸವನ್ನು ನಾನು ಜೋಡಿಸಿಕೊಂಡ ಬಗೆ

ಇಂಡೋನೇಷ್ಯಾದ ಜಾವಾ ದ್ವೀಪದ ಪೂರ್ವದ ತುದಿಯಲ್ಲಿ ಬನ್ಯುವಾಂಗಿ ಎಂಬ ಊರಿದೆ. ಅದರ ಪಶ್ಚಿಮಕ್ಕಿರುವ ಕಾವಾ ಈಜೆನ್ ಜ್ವಾಲಾಮುಖಿಯ ಬಾಯೊಳಗೆ ರಾತ್ರಿ ಹೊತ್ತು ನೀಲಿ ಬೆಂಕಿ ಕಾಣುತ್ತದೆ. ಬಾಲಿಗೆ ಹೋದ ನಮ್ಮವರಲ್ಲಿ ಹೆಚ್ಚಿನವರು ಇದನ್ನು ಒಂದು ರಾತ್ರಿಯ ಪ್ಯಾಕೇಜಿನಲ್ಲಿ ನೋಡುತ್ತಾರೆ. ಸಂಜೆ ಹೋಟೆಲಿನಿಂದ ವ್ಯಾನ್, ಗಿಲಿಮಾನುಕ್‌ನಲ್ಲಿ ಫೆರ್ರಿ, ನಿದ್ದೆಯಿಲ್ಲದೆ ಬೆಟ್ಟ, ಬೆಳಿಗ್ಗೆ ಮತ್ತೆ ವ್ಯಾನ್. ಹೋದ ಪುಟ್ಟ, ಬಂದ ಪುಟ್ಟ. ಫೆರ್ರಿಯಲ್ಲೋ ಘಾಟಿಯಲ್ಲೋ ಒಂದು ಗಂಟೆ ತಡವಾದರೆ ಅಷ್ಟು ದೂರ ಹೋಗಿದ್ದಕ್ಕೆ ಕಾರಣವಾದ ಬೆಂಕಿಯೇ ಕೈತಪ್ಪುತ್ತದೆ. ನಾನು ಬನ್ಯುವಾಂಗಿಯಲ್ಲೇ ಕೋಣೆ ಹಿಡಿದು, ಕತ್ತಲು ಮುಗಿಯುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊರಟೆ. ಬೇರೆಯವರಿಗೂ ಇದನ್ನೇ ಹೇಳುತ್ತೇನೆ.

ಉರಿಯುವುದು ಲಾವಾ ಅಲ್ಲ, ಗಂಧಕ. ಬಂಡೆಯ ಬಿರುಕುಗಳಿಂದ ಗಂಧಕದ ಅನಿಲ 600 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಹೊರಬರುತ್ತದೆ, ಗಾಳಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಒಂದಷ್ಟು ತಣಿದು ದ್ರವವಾಗಿ, ಉರಿಯುತ್ತಲೇ ಇಳಿಜಾರಿನಲ್ಲಿ ಹರಿಯುತ್ತದೆ. ಫೋಟೋಗಳಲ್ಲಿ ನೀಲಿ ಲಾವಾದಂತೆ ತೋರುವುದು ಅದೇ. ಹಗಲಲ್ಲೂ ಈ ಬೆಂಕಿ ಉರಿಯುತ್ತಿರುತ್ತದೆ, ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಎಲ್ಲ ರಾತ್ರಿಯೂ ಒಂದೇ ಎತ್ತರಕ್ಕೆ ಏಳುವುದೂ ಇಲ್ಲ. ಗಂಧಕ ತೆಗೆಯುವ ಕಾರ್ಮಿಕರಿಗೆ ಅದು ಉರಿದುಹೋದರೆ ನಷ್ಟ, ಹಾಗಾಗಿ ಬೆಂಕಿ ಜೋರಾದರೆ ಅವರೇ ನೀರು ಹಾಕಿ ತಗ್ಗಿಸುತ್ತಾರೆ. ಕೆಲವು ರಾತ್ರಿ ಒಂದೆರಡು ನಾಲಿಗೆಯಷ್ಟೇ ಕಾಣುತ್ತದೆ. ಇದನ್ನು ತಿಳಿದೇ ಹೋಗಬೇಕು.

ಈಗ ಸಮಯದ ಲೆಕ್ಕ, ಇಡೀ ಪ್ರವಾಸ ನಿಂತಿರುವುದೇ ಇದರ ಮೇಲೆ. ಬನ್ಯುವಾಂಗಿ ಜಾವಾದ ಪೂರ್ವ ಅಂಚಿನಲ್ಲಿದ್ದರೂ ಗಡಿಯಾರ ಮಾತ್ರ ಪಶ್ಚಿಮ ಇಂಡೋನೇಷ್ಯಾದ್ದು, ಬಾಲಿಗಿಂತ ಒಂದು ಗಂಟೆ ಹಿಂದೆ. ಅದಕ್ಕೇ ಇಲ್ಲಿ ಸೂರ್ಯ ಬೇಗ ಹುಟ್ಟುತ್ತಾನೆ: ಜುಲೈನಲ್ಲಿ ಐದೂವರೆ ದಾಟಿ, ಅಕ್ಟೋಬರ್‌ನಲ್ಲಿ ಐದರ ಆಸುಪಾಸಿಗೆ. ಅದಕ್ಕೂ ಮುಕ್ಕಾಲು ಗಂಟೆ ಮೊದಲೇ ಆಕಾಶ ತೆಳುವಾಗಿ, ನೀಲಿ ಮಸುಕಾಗತೊಡಗುತ್ತದೆ. ಅಂದರೆ ಜುಲೈನಲ್ಲಿ 4.45ರವರೆಗೆ ಚೆನ್ನಾಗಿ ಕಾಣುವ ಬೆಂಕಿ ಅಕ್ಟೋಬರ್‌ನಲ್ಲಿ 4.15ಕ್ಕೇ ಸೊರಗುತ್ತದೆ. ಬೆಟ್ಟದ ಬುಡದ ಗೇಟು ತೆರೆಯುವುದು ಸಾಮಾನ್ಯವಾಗಿ ರಾತ್ರಿ 2ಕ್ಕೆ. ಅಲ್ಲಿಂದ ಜ್ವಾಲಾಮುಖಿಯ ಬಾಯಿಯ ಅಂಚಿಗೆ ಒಂದೂವರೆಯಿಂದ ಎರಡು ಗಂಟೆ, ಅಂಚಿನಿಂದ ಒಳಗಿಳಿಯಲು ಮುಕ್ಕಾಲು ಗಂಟೆ. ಜೂನ್–ಜುಲೈನಲ್ಲಿ ನಿಧಾನ ಹತ್ತುವವರಿಗೂ ಒಂದಿಷ್ಟು ಹೊತ್ತು ಬೆಂಕಿ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಎರಡಕ್ಕೇ ಗೇಟು ದಾಟಿ, ನಡುವೆ ಕೂರದೆ ಹತ್ತುವವರಿಗೆ ಮಾತ್ರ. ಮಳೆ ಕಡಿಮೆಯಿರುವ ಮೇನಿಂದ ಸೆಪ್ಟೆಂಬರ್ ಹೇಗೂ ಒಳ್ಳೆಯ ಕಾಲ. ಅದರಲ್ಲೂ ಜೂನ್, ಜುಲೈ ನನ್ನ ಆಯ್ಕೆ.

ಇನ್ನೊಂದು ಸಣ್ಣ ವಿಷಯ. ಬಾಲಿ ಮತ್ತು ಜಾವಾ ನಡುವಿನ ಜಲಸಂಧಿ ಬಹಳ ಕಿರಿದು. ದಡದ ಹತ್ತಿರದ ಹೋಟೆಲಿನಲ್ಲಿ ಫೋನ್ ಬಾಲಿಯ ಟವರ್ ಹಿಡಿದರೆ ಅಲಾರಂ ಒಂದು ಗಂಟೆ ಆಚೀಚೆ ಆಗುತ್ತದೆ. ಫೋನಿನ ಆಟೋಮ್ಯಾಟಿಕ್ ಟೈಮ್ ತೆಗೆದು ಜಕಾರ್ತಾ ಸಮಯಕ್ಕೆ ನಿಲ್ಲಿಸಿ ಮಲಗಬೇಕು.

ತಲುಪುವುದು ಸುಲಭ. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾದದ್ದು 2024ರಲ್ಲಿ. ಭಾರತೀಯರಿಗೆ ಬಂದಿಳಿದ ಮೇಲೆ ಕೊಡುವ ವೀಸಾ ಉಂಟು, 30 ದಿನಕ್ಕೆ 5 ಲಕ್ಷ ಇಂಡೋನೇಷ್ಯಾ ರೂಪಾಯಿ. ಮೊದಲೇ ಆನ್‌ಲೈನಿನಲ್ಲಿ ಮಾಡಿಕೊಂಡರೆ ವಿಮಾನ ನಿಲ್ದಾಣದ ಸಾಲು ತಪ್ಪುತ್ತದೆ. ಡೆನ್‌ಪಸಾರ್‌ನಿಂದ ಗಿಲಿಮಾನುಕ್ ಬಂದರು ಸುಮಾರು 130 ಕಿ.ಮೀ., ಲಾರಿಗಳು ತುಂಬಿದ ರಸ್ತೆ, ನಾಲ್ಕು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಜಾವಾ ದಡದ ಕೆಟಾಪಾಂಗ್‌ಗೆ ಫೆರ್ರಿ ಹಗಲೂ ರಾತ್ರಿ ಓಡುತ್ತದೆ. ದೂರ ಕಮ್ಮಿ, ಆದರೆ ನೀರಿನ ಸೆಳೆತಕ್ಕೂ ದಡದಲ್ಲಿ ಜಾಗಕ್ಕೂ ಕಾಯುತ್ತಾ ಒಂದು ಗಂಟೆ ಹಿಡಿಯುತ್ತದೆ. ಯುಗಾದಿ ರಜೆಗೆ ಹೊರಡುವವರು ನ್ಯೆಪಿ ಯಾವತ್ತೆಂದು ನೋಡಿಕೊಳ್ಳಬೇಕು. ಅದು ಬಾಲಿಯ ಶಕ ವರ್ಷದ ಮೊದಲ ದಿನ, ನಮ್ಮ ಯುಗಾದಿಯ ಹತ್ತಿರವೇ ಬೀಳುವುದುಂಟು. 2025ರಲ್ಲಿ ಮಾರ್ಚ್ 29ಕ್ಕೆ ಬಂದಿತ್ತು, ಯುಗಾದಿ ಮರುದಿನ. ಅವತ್ತು ವಿಮಾನ ನಿಲ್ದಾಣ, ಫೆರ್ರಿ, ರಸ್ತೆ ಎಲ್ಲ 24 ಗಂಟೆ ಬಂದ್.

ಬನ್ಯುವಾಂಗಿಗೆ ಮಧ್ಯಾಹ್ನದೊಳಗೆ ತಲುಪುವುದು ಮುಖ್ಯ, ಏಕೆಂದರೆ ಅವತ್ತೇ ಮುಗಿಸಬೇಕಾದ ಕೆಲಸಗಳಿವೆ. ಮೊದಲನೆಯದು ವೈದ್ಯರ ಪತ್ರ. ಕ್ಲಿನಿಕ್ಕಿನಲ್ಲಿ ಬಿಪಿ, ಆಮ್ಲಜನಕದ ಮಟ್ಟ ನೋಡಿ ‘ಸುರಾತ್ ಸೆಹಾತ್’ ಬರೆದುಕೊಡುತ್ತಾರೆ. ಅದಿಲ್ಲದೆ ಗೇಟು ದಾಟಲು ಬಿಡುವುದಿಲ್ಲ. ಎರಡನೆಯದು ಟಿಕೆಟ್, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಆನ್‌ಲೈನಿನಲ್ಲಿ ಮೊದಲೇ ಮಾಡಬೇಕು. ವಾರಾಂತ್ಯ ಬೇಗ ತುಂಬುತ್ತದೆ, ತಿಂಗಳ ಮೊದಲ ಶುಕ್ರವಾರ ಬೆಟ್ಟ ಮುಚ್ಚಿರುತ್ತದೆ. ಮೂರನೆಯದು ಜ್ವಾಲಾಮುಖಿಯ ಸ್ಥಿತಿ. ಸರ್ಕಾರದ ‘ಮಾಗ್ಮಾ ಇಂಡೋನೇಷ್ಯಾ’ ತಾಣದಲ್ಲಿ ಅಪಾಯ ಏರುವ ಕ್ರಮದಲ್ಲಿ ನಾಲ್ಕು ಹಂತಗಳಾಗಿ ತೋರಿಸುತ್ತಾರೆ: ನಾರ್ಮಲ್, ವಸ್ಪಾದಾ, ಸಿಯಾಗಾ, ಆವಾಸ್. ವಸ್ಪಾದಾ ಎಂದಿದ್ದರೆ ಒಳಗಿಳಿಯುವ ಯೋಚನೆ ಬಿಡಿ. 2018ರ ಮಾರ್ಚ್‌ನಲ್ಲಿ ಇಲ್ಲಿಂದ ಅನಿಲ ನುಗ್ಗಿ ಕೆಳಗಿನ ಊರಿನ ಜನ ಆಸ್ಪತ್ರೆ ಸೇರಿದ್ದರು. ಯಾವನೋ ಗೈಡ್ ‘ನಾನು ಕರೆದುಕೊಂಡು ಹೋಗ್ತೀನಿ’ ಎಂದರೆ ಅದು ಧೈರ್ಯವಲ್ಲ, ಬೇಜವಾಬ್ದಾರಿ.

ಸಂಜೆ ಆರಕ್ಕೆ ಊಟ ಮುಗಿಸಿ ಏಳಕ್ಕೆ ಮಲಗಿ, ಹನ್ನೆರಡಕ್ಕೆ ಎದ್ದು ಹನ್ನೆರಡೂವರೆಗೆ ಹೊರಟರೆ ಐದು ಗಂಟೆ ನಿದ್ದೆಯಾಗುತ್ತದೆ. ಆ ಐದು ಗಂಟೆಗಾಗಿಯೇ ಬನ್ಯುವಾಂಗಿಯಲ್ಲಿ ಕೋಣೆ. ಬೆಟ್ಟದಲ್ಲಿ ಕಾಲು ಜಾರುವುದು ಹತ್ತುವಾಗಲ್ಲ. ಬೆಳಿಗ್ಗೆ ಇಳಿಯುವಾಗ, ದಣಿದು ನಿದ್ದೆಗೆಟ್ಟ ಕಾಲುಗಳಲ್ಲಿ.

ಲಿಚಿನ್ ಮಾರ್ಗವಾಗಿ ಬುಡದ ಪಾಲ್ತುಡಿಂಗ್‌ಗೆ ಒಂದೂಕಾಲು ಗಂಟೆ. ಕೊನೆಯ ಭಾಗ ತೀರಾ ಕಡಿದು. ಗೇರಿಲ್ಲದ ಬಾಡಿಗೆ ಸ್ಕೂಟರಿನಲ್ಲಿ ಇಲ್ಲಿ ಹೋಗಬೇಡಿ: ಇಳಿಯುವಾಗ ಎಂಜಿನ್ನಿನ ಹಿಡಿತ ಸಾಲದೆ ಬ್ರೇಕೊಂದರ ಮೇಲೇ ಭಾರ ಬೀಳುತ್ತದೆ, ಅದು ಕಾದು ಹಿಡಿಯದಂತಾಗುತ್ತದೆ. ಡ್ರೈವರ್ ಸಮೇತ ಕಾರು ಹಿಡಿಯಿರಿ. ಪಾಲ್ತುಡಿಂಗ್ 1,850 ಮೀಟರ್ ಎತ್ತರದಲ್ಲಿದೆ, ಚಳಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹತ್ತುವಾಗ ಬೆವರು, ಮೇಲೆ ನಿಂತಾಗ ನಡುಕ. ಹಾಗಾಗಿ ದಪ್ಪ ಸ್ವೆಟರ್ ಒಂದರ ಬದಲು ಒಳಗೆ ಬೇಗ ಒಣಗುವ ಅಂಗಿ, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಶೌಚಾಲಯ ಇಲ್ಲೇ ಮುಗಿಸಿಕೊಳ್ಳಿ.

ಮಾಸ್ಕ್ ವಿಷಯದಲ್ಲಿ ರಾಜಿ ಕೂಡದು. ಬಟ್ಟೆಯ ಮಾಸ್ಕ್, ಎನ್-95 ಎರಡೂ ಧೂಳಿಗೆ ಸರಿ, ಅನಿಲಕ್ಕೆ ಏನೂ ಮಾಡುವುದಿಲ್ಲ. ಇಲ್ಲಿ ಎದುರಾಗುವುದು ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಮೂಗು ಬಾಯಿ ಮುಚ್ಚುವ ರಬ್ಬರ್ ಮಾಸ್ಕಿಗೆ ಆಮ್ಲ ಅನಿಲ ಹೀರುವ ಕಾರ್ಟ್ರಿಜ್ ಇರಬೇಕು. ಯುರೋಪಿನ ಗುರುತಿನ ಪ್ರಕಾರ ಸಲ್ಫರ್ ಡೈಆಕ್ಸೈಡಿಗೆ ‘ಇ’ ವರ್ಗ, ಹಳದಿ ಪಟ್ಟಿ. ಬುಡದಲ್ಲಿ ಬಾಡಿಗೆಗೆ ಸಿಗುವವು ಎಷ್ಟು ಜನರ ಮುಖ ಕಂಡಿವೆಯೋ, ಕಾರ್ಟ್ರಿಜ್ ಯಾವಾಗ ಬದಲಾಯಿತೋ ಯಾರಿಗೂ ಗೊತ್ತಿರುವುದಿಲ್ಲ. ಊರಿನಿಂದಲೇ ಹೊಸ ಕಾರ್ಟ್ರಿಜ್ ಪ್ಯಾಕ್ ಬಿಚ್ಚದೆ ಒಯ್ಯುವುದು ವಾಸಿ, ಬಿಚ್ಚಿದ ಕ್ಷಣದಿಂದ ಅದು ಸವೆಯತೊಡಗುತ್ತದೆ. ಹಾಕಿದ ಮೇಲೆ ಎರಡೂ ಕಾರ್ಟ್ರಿಜ್‌ಗಳನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಅಂಟಿಕೊಳ್ಳಬೇಕು. ಪಕ್ಕದಿಂದ ಗಾಳಿ ನುಸುಳಿದರೆ ಪಟ್ಟಿ ಬಿಗಿ ಮಾಡಿ. ಗಡ್ಡ ಇದ್ದವರಿಗೆ ಈ ಹಿಡಿತ ಕೂರುವುದೇ ಇಲ್ಲ, ಹಿಂದಿನ ದಿನ ಬೋಳಿಸಿಕೊಳ್ಳಬೇಕು. ಕಣ್ಣಿಗೆ ಸುತ್ತಲೂ ಮುಚ್ಚುವ ಗಾಗಲ್. ಕಾಂಟ್ಯಾಕ್ಟ್ ಲೆನ್ಸ್ ಬೇಡವೇ ಬೇಡ. ಬೆಳ್ಳಿ ಕಾಲುಂಗುರ, ಗೆಜ್ಜೆ, ಉಡಿದಾರ ತೆಗೆದಿಟ್ಟು ಹೊರಡಿ, ಈ ಅನಿಲಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಒಳಗಿಳಿಯಲೇಬಾರದು, ಮಾಸ್ಕ್ ಎಂಥದ್ದೇ ಇರಲಿ.

ದಾರಿ 3 ಕಿ.ಮೀ., ಏರು ಸುಮಾರು 500 ಮೀಟರ್. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹೆಚ್ಚು ನಿಲ್ಲದೆ ಹತ್ತಬಲ್ಲವರಿಗೆ ಇದು ಆಗುತ್ತದೆ. ಮೊದಲ ಎರಡು ಕಿಲೋಮೀಟರ್ ನಿಜವಾಗಿಯೂ ಕಷ್ಟ, ಗಂಧಕ ತೂಗುವ ಪೊಂಡೋಕ್ ಬುಂಡರ್ ದಾಟಿದ ಮೇಲೆ ಏರು ತಗ್ಗುತ್ತದೆ. ನೆಲವೆಲ್ಲ ಸಡಿಲ ಮರಳು, ಪುಡಿಗಲ್ಲು. ಅಡಿಯಲ್ಲಿ ಆಳವಾದ ಗೆರೆಗಳಿರುವ ಶೂ, ಒಂದು ಊರುಗೋಲು ಬೇಕು. ಕಾಲು ಸೋತವರನ್ನು ಎರಡು ಚಕ್ರದ ಟ್ರಾಲಿಯಲ್ಲಿ ಕೂರಿಸಿ ಎಳೆದೊಯ್ಯುತ್ತಾರೆ. ಅದರ ದರವನ್ನು ಹತ್ತುವ ಮೊದಲೇ, ಹೋಗುವುದಕ್ಕೆಷ್ಟು ಬರುವುದಕ್ಕೆಷ್ಟು ಎಂದು ಬಿಡಿಸಿ ಮಾತಾಡಿಕೊಳ್ಳಬೇಕು.

ಅಂಚಿನಿಂದ ಒಳಗಿಳಿಯುವ ದಾರಿ ಬೇರೆಯೇ. ಬಂಡೆಗಳನ್ನೇ ಒರಟಾಗಿ ಮೆಟ್ಟಿಲಾಗಿಸಿದ ಜಾಗ, ಒಂದು ಬದಿ ಗೋಡೆ, ಇನ್ನೊಂದು ಬದಿ ಖಾಲಿ. ಕೈ ಎರಡೂ ಖಾಲಿ ಇರಲಿ, ಬೆಳಕು ಹಣೆಯ ಮೇಲಿರಲಿ. ಕಾರ್ಮಿಕರು ಬಿದಿರಿನ ಜೋಡಿ ಬುಟ್ಟಿಯಲ್ಲಿ 70ರಿಂದ 90 ಕಿಲೋ ಗಂಧಕ ಹೊತ್ತು ಇದೇ ಮೆಟ್ಟಿಲಲ್ಲಿ ಹತ್ತಿಬರುತ್ತಾರೆ. ಅಂಚಿನಿಂದ ಬೆಟ್ಟದ ಬುಡಕ್ಕೆ ಟ್ರಾಲಿ ಬಂದಿದೆ, ಒಳಗಿನಿಂದ ಅಂಚಿನವರೆಗೆ ಈಗಲೂ ಹೆಗಲೇ. ಅವರ ಬುಟ್ಟಿ ಕಂಡೊಡನೆ ಗೋಡೆಯ ಕಡೆಗೆ ಸರಿದು ನಿಲ್ಲಿ, ಕಮರಿಯ ಕಡೆಗಲ್ಲ: ಬುಟ್ಟಿಯ ಅಂಚು ತಗುಲಿದರೂ ಸಾಕು. ಹೊರೆ ಹೊತ್ತವರನ್ನು ಫೋಟೋಗಾಗಿ ನಿಲ್ಲಿಸಬಾರದು. ಇಳಿಸಿ ಕೂತಾಗ ಕೇಳಿ ತೆಗೆದು, ಕೈಗೆ ಹಣ ಕೊಡಿ. ಆಮೆ, ಹೂವಿನ ಆಕಾರದಲ್ಲಿ ಎರಕ ಹೊಯ್ದ ಗಂಧಕವನ್ನೂ ಮಾರುತ್ತಾರೆ. ಉರಿಯುವ ವಸ್ತುವಾದ್ದರಿಂದ ವಿಮಾನದ ಬ್ಯಾಗಿಗೆ ಹಾಕಬೇಡಿ.

ಕೆಳಗೆ ಹೋದ ಮೇಲೆ ಬೆಂಕಿಗಿಂತ ಮೊದಲು ಗಾಳಿ ನೋಡಬೇಕು. ಹೊಗೆ ನಿಮ್ಮ ಕಡೆಗೆ ತಿರುಗಿದರೆ ಓಡಬಾರದು. ಓಡಿದರೆ ಉಸಿರು ಹೆಚ್ಚುತ್ತದೆ, ಕಾಲು ತಪ್ಪುತ್ತದೆ. ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಅಲ್ಲೇ ನಿಂತರೆ ಬಹುಮಟ್ಟಿಗೆ ಸ್ವಲ್ಪ ಹೊತ್ತಿನಲ್ಲಿ ಹೊಗೆ ಸರಿಯುತ್ತದೆ. ಸರಿಯದಿದ್ದರೆ ಗಾಳಿಗೆ ಅಡ್ಡವಾಗಿ, ಮೇಲ್ಮುಖವಾಗಿ ನಡೆಯಿರಿ. ತಗ್ಗಿನಲ್ಲಿ ಕೂರಬೇಡಿ: ಈ ಅನಿಲಗಳು ಗಾಳಿಗಿಂತ ಭಾರ, ಮಾಸ್ಕ್ ಅನಿಲವನ್ನು ಸೋಸುತ್ತದೆಯೇ ಹೊರತು ಆಮ್ಲಜನಕ ಕೊಡುವುದಿಲ್ಲ. ಮಾಸ್ಕಿನೊಳಗೇ ವಾಸನೆ ಬರತೊಡಗಿತೆಂದರೆ ಕಾರ್ಟ್ರಿಜ್ ಮುಗಿದಿದೆ ಅಥವಾ ಹಿಡಿತ ಸಡಿಲಾಗಿದೆ. ಯಾವುದೇ ಇರಲಿ, ಮೇಲೆ ಹತ್ತಿ.

ಪಕ್ಕದಲ್ಲೇ ಕಾರ್ಮಿಕರು ಅನಿಲವನ್ನು ಕೊಳವೆಗಳಲ್ಲಿ ಹಾಯಿಸಿ ತಣಿಸುವುದನ್ನು ನೋಡಬಹುದು. ಕೊಳವೆಯ ಬಾಯಿಂದ ತೊಟ್ಟಿಕ್ಕುವ ದ್ರವ ಕಡು ಕೆಂಪು. ನೆಲ ಮುಟ್ಟಿ ತಣಿಯುತ್ತಾ ಕಿತ್ತಳೆಯಾಗಿ, ಗಟ್ಟಿಯಾದಾಗ ಹಳದಿಯಾಗುತ್ತದೆ. ಸಲಾಕೆಯಿಂದ ಒಡೆದು ಬುಟ್ಟಿಗೆ ತುಂಬುತ್ತಾರೆ. ನನಗೆ ಇದು ಬೆಂಕಿಯಷ್ಟೇ ನೋಡಬೇಕಾದ್ದು ಎನಿಸಿತು.

ಫೋಟೋಗೆ ಎಫ್/2.8, ಐಎಸ್‌ಒ 1600, 4ರಿಂದ 8 ಸೆಕೆಂಡಿನಿಂದ ಶುರು ಮಾಡಿ. ಅದಕ್ಕಿಂತ ಉದ್ದ ಬಿಟ್ಟರೆ ಬೆಂಕಿಯ ನಾಲಿಗೆಗಳು ಕಲಸಿ ನೀಲಿ ಮಂಜಾಗುತ್ತವೆ. ಸುತ್ತಲಿನವರ ಹೆಡ್‌ಲ್ಯಾಂಪ್‌ಗಳೇ ದೊಡ್ಡ ತೊಂದರೆ, ಹಾಗಾಗಿ ಸಣ್ಣ ಟ್ರೈಪಾಡ್ ಹೂಡಿ ಕತ್ತಲಾಗುವ ಗಳಿಗೆಗೆ ಕಾಯಬೇಕು. ಲೆನ್ಸಿನ ಮೇಲೆ ಕೂರುವ ಹಳದಿ ಪುಡಿಯನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಒದ್ದೆ ಬಟ್ಟೆ.

ಬೆಳಕು ಹರಿಯುವ ಮೊದಲೇ ಮೇಲೆ ಹತ್ತಲು ಶುರುಮಾಡಿದರೆ ಸೂರ್ಯ ಮೂಡುವ ಹೊತ್ತಿಗೆ ಅಂಚಿನಲ್ಲಿರಬಹುದು. ಜ್ವಾಲಾಮುಖಿಯ ಬಾಯೊಳಗಿನ ಕೆರೆ ಆಗ ಬಣ್ಣ ತಾಳುತ್ತದೆ, ಹಾಲು ಬೆರೆತ ವೈಡೂರ್ಯದಂಥ ಹಸಿರು ನೀಲಿ. ಸುಮಾರು ಒಂದು ಕಿಲೋಮೀಟರ್ ಉದ್ದ, 200 ಮೀಟರ್‌ನಷ್ಟು ಆಳ, ಪಿಎಚ್ 0.5ಕ್ಕಿಂತ ಕಮ್ಮಿ, ಇಷ್ಟು ತೀವ್ರ ಆಮ್ಲದ ಕೆರೆಗಳಲ್ಲಿ ಜಗತ್ತಿಗೇ ದೊಡ್ಡದು. ಹೈಡ್ರೋಕ್ಲೋರಿಕ್, ಸಲ್ಫ್ಯೂರಿಕ್ ಆಮ್ಲಗಳ ನೀರಿದು, ಬೆರಳೂ ಅದ್ದಬಾರದು. ಅಂಚಿನ ಮಣ್ಣು ಗಟ್ಟಿಯಿಲ್ಲ. 2024ರ ಏಪ್ರಿಲ್‌ನಲ್ಲಿ ಫೋಟೋಗೆ ಹಿಂದಕ್ಕೆ ಸರಿಯುತ್ತಿದ್ದ ಪ್ರವಾಸಿಯೊಬ್ಬರು ಇಲ್ಲಿಂದಲೇ ಬಿದ್ದು ತೀರಿಕೊಂಡರು. ಬೇಲಿಯ ಈಚೆಯಿಂದಲೂ ಕೆರೆ ಪೂರ್ತಿ ಕಾಣುತ್ತದೆ.

ಸಸ್ಯಾಹಾರಿಗಳಿಗೆ ಬನ್ಯುವಾಂಗಿಯಲ್ಲಿ ತೆಂಪೆ (ಹುದುಗಿಸಿದ ಸೋಯಾ), ತಾಹು (ಸೋಯಾ ಪನೀರ್), ಕಡಲೆಕಾಯಿ ಚಟ್ನಿಯ ಪೆಚೆಲ್, ಅನ್ನ ಧಾರಾಳ. ಆದರೆ ಇಲ್ಲಿನ ಖಾರದ ಸಂಬಲ್‌ನಲ್ಲಿ ‘ತೆರಾಸಿ’, ಅಂದರೆ ಹುದುಗಿಸಿದ ಸೀಗಡಿ, ಕಣ್ಣಿಗೆ ಕಾಣದಂತೆ ಸೇರಿರುತ್ತದೆ. ‘ತನ್ಪಾ ದಾಗಿಂಗ್, ತನ್ಪಾ ಈಕಾನ್, ತನ್ಪಾ ತೆರಾಸಿ’ ಎಂದು ಮೂರನ್ನೂ ಹೇಳಬೇಕು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಬೆಟ್ಟದ ಮೇಲೆ ತಿನ್ನಲು ಖರ್ಜೂರ, ಚಿಕ್ಕಿ ಒಯ್ದರೆ ಸಾಕು, ಹೊಗೆಯ ಜಾಗದಲ್ಲಿ ಬಿಚ್ಚಬೇಡಿ.

ಎಂಟೂವರೆ, ಒಂಬತ್ತಕ್ಕೆ ಮತ್ತೆ ಹೋಟೆಲ್. ಅವತ್ತು ಹಾಕಿದ ಬಟ್ಟೆಯನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಗಂಧಕದ ವಾಸನೆ ಬ್ಯಾಗಿನ ಉಳಿದ ಬಟ್ಟೆಗೂ ಹಿಡಿಯುತ್ತದೆ. ಬಾಲಿಗೆ ಹಿಂತಿರುಗುವ ಬದಲು ಬ್ರೋಮೊ ಜ್ವಾಲಾಮುಖಿಗೆ ಹೋಗುವವರಿಗೆ ಫೆರ್ರಿ ಬಂದರಿನ ಪಕ್ಕದ ಕೆಟಾಪಾಂಗ್ ನಿಲ್ದಾಣದಿಂದ ಪ್ರೊಬೊಲಿಂಗ್ಗೊಗೆ ರೈಲು ಉಂಟು, ನಾಲ್ಕೈದು ಗಂಟೆಯ ದಾರಿ. ಮಧ್ಯಾಹ್ನದ ಗಾಡಿಗೆ ಟಿಕೆಟ್ ಮಾಡಿ. ಬೆಳಗಿನದಕ್ಕೆ ಮಾಡಿದರೆ ಬೆಟ್ಟದಿಂದ ಓಡಿ ಇಳಿಯಬೇಕಾಗುತ್ತದೆ.