ಐಟಿಐ ಎಲೆಕ್ಟ್ರಿಷಿಯನ್ ಪ್ರಾಯೋಗಿಕ ಪರೀಕ್ಷೆ: ವೈರಿಂಗ್ ಜಾಬ್‌ಗೆ ತಯಾರಾಗುವ ಬಗೆ

ಐಟಿಐಯ ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ಥಿಯರಿ ವಿಷಯಗಳಿಗೆ ಶೇ 33 ಅಂಕ ಬಂದರೆ ತೇರ್ಗಡೆ. ಪ್ರಾಯೋಗಿಕ ಪರೀಕ್ಷೆಗೆ ಮಾತ್ರ ಶೇ 60 ಬೇಕು. ಆದರೂ ಹೆಚ್ಚಿನ ವಿದ್ಯಾರ್ಥಿಗಳು ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡುವುದಕ್ಕೆ ಕೊಡುವ ಸಮಯದ ಕಾಲು ಭಾಗವನ್ನೂ ವೈರಿಂಗ್ ಬೋರ್ಡಿನ ಮುಂದೆ ಕಳೆಯುವುದಿಲ್ಲ. ಕೊನೆಗೆ ದೀಪ ಹೊತ್ತಿಕೊಂಡರೆ ಜಾಬ್ (ಪರೀಕ್ಷೆಯಲ್ಲಿ ಮಾಡಿತೋರಿಸಬೇಕಾದ ಕೆಲಸ) ಮುಗಿಯಿತು ಎಂಬ ನಂಬಿಕೆಯೇ ಇದಕ್ಕೆ ಕಾರಣವಿರಬೇಕು. ನ್ಯೂಟ್ರಲ್‌ನಲ್ಲಿ ಸ್ವಿಚ್ ಕೂರಿಸಿದರೂ ದೀಪ ಹೊತ್ತುತ್ತದೆ, ಅರ್ಥ್ ವೈರನ್ನೇ ಎಳೆಯದಿದ್ದರೂ ಹೊತ್ತುತ್ತದೆ. ಆದ್ದರಿಂದ ದೀಪ ಹೊತ್ತುವುದು ಸರಿಯಾದ ವೈರಿಂಗ್‌ಗೆ ಸಾಕ್ಷಿಯಲ್ಲ. ಸಪ್ಲೈ ಕೊಡುವ ಮೊದಲೇ ನಿಮ್ಮ ಜಾಬ್ ಸರಿಯಿದೆ ಎಂದು ನೀವೇ ಪರೀಕ್ಷಿಸಿ ತೋರಿಸಬಲ್ಲಿರಾದರೆ ಮಾತ್ರ ತಯಾರಿ ಆಗಿದೆ ಎಂದು ಅರ್ಥ.

ಮೊದಲ ಅಭ್ಯಾಸ ಕಾಗದದ ಮೇಲೆ ನಡೆಯಲಿ. ಬೋರ್ಡಿನ ಮೇಲೆ ಯಾವ ಸಾಮಾನು ಎಲ್ಲಿ ಕೂರುತ್ತದೆ ಎಂಬುದನ್ನು ಅಳತೆಯೊಂದಿಗೆ ತೋರಿಸುವ ಲೇಔಟ್, ಸರ್ಕಿಟ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸುವ ಸ್ಕೀಮ್ಯಾಟಿಕ್, ಪ್ರತಿಯೊಂದು ವೈರ್ ಯಾವ ಟರ್ಮಿನಲ್‌ನಿಂದ ಯಾವ ಟರ್ಮಿನಲ್‌ಗೆ ಹೋಗುತ್ತದೆ ಎಂಬುದನ್ನು ತೋರಿಸುವ ವೈರಿಂಗ್ ಚಿತ್ರ, ಈ ಮೂರೂ ಬೇರೆ ಬೇರೆ. ಒಂದು ಸ್ವಿಚ್ ಒಂದು ದೀಪ, ಮೆಟ್ಟಿಲಿನ ವೈರಿಂಗ್ (ಒಂದೇ ದೀಪವನ್ನು ಕೆಳಗಿನಿಂದಲೂ ಮೇಲಿನಿಂದಲೂ ಹೊತ್ತಿಸಿ ಆರಿಸುವುದು), ಗೋಡೌನ್ ವೈರಿಂಗ್ (ಮುಂದಕ್ಕೆ ಹೋದಂತೆ ಮುಂದಿನ ದೀಪ ಹೊತ್ತಿ ಹಿಂದಿನದು ಆರುವುದು), ರೆಗ್ಯುಲೇಟರ್ ಸಹಿತ ಫ್ಯಾನ್, ಟ್ಯೂಬ್‌ಲೈಟ್, ಮೋಟಾರನ್ನು ನೇರವಾಗಿ ಸಪ್ಲೈಗೆ ಜೋಡಿಸಿ ಚಾಲೂ ಮಾಡುವ ಡಿಓಎಲ್ ಸ್ಟಾರ್ಟರ್: ಇಷ್ಟನ್ನು ಪುಸ್ತಕ ನೋಡದೆ ಬರೆಯಲು ಬರಬೇಕು. ಚಿತ್ರದಲ್ಲೇ ವೈರಿನ ಬಣ್ಣವನ್ನೂ ಗುರುತಿಸಿಕೊಳ್ಳಿ. ಫೇಸ್‌ಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು ಎಂಬ ಕ್ರಮವನ್ನು ಅಭ್ಯಾಸದಲ್ಲಿ ಸಡಿಲಿಸಿದರೆ ಪರೀಕ್ಷೆಯ ದಿನವೂ ಕೈ ಹಾಗೆಯೇ ಹೋಗುತ್ತದೆ.

ಇವುಗಳಲ್ಲಿ ಮೆಟ್ಟಿಲಿನ ವೈರಿಂಗ್ ಒಂದನ್ನು ಪೂರ್ತಿ ಅರಗಿಸಿಕೊಂಡರೆ ಉಳಿದವು ಸುಲಭವಾಗುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಇದಕ್ಕೆ ಬೇಕಾಗುವುದು ಎರಡು ಟೂ-ವೇ ಸ್ವಿಚ್. ಪ್ರತಿಯೊಂದಕ್ಕೂ ಮೂರು ಟರ್ಮಿನಲ್ ಇರುತ್ತವೆ. ಅವುಗಳಲ್ಲಿ ಒಂದು ಕಾಮನ್. ಎಂಸಿಬಿಯಿಂದ (ಹೆಚ್ಚು ಕರೆಂಟ್ ಹರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಬರುವ ಫೇಸ್ ಮೊದಲ ಸ್ವಿಚ್ಚಿನ ಕಾಮನ್‌ಗೆ ಸೇರಬೇಕು, ಎರಡನೆಯ ಸ್ವಿಚ್ಚಿನ ಕಾಮನ್‌ನಿಂದ ಹೊರಟ ವೈರ್ ದೀಪದ ಹೋಲ್ಡರ್‌ಗೆ ಹೋಗಬೇಕು, ಉಳಿದ ಎರಡೆರಡು ಟರ್ಮಿನಲ್‌ಗಳ ನಡುವೆ ಎರಡು ವೈರ್ ಓಡಬೇಕು, ನ್ಯೂಟ್ರಲ್ ಯಾವ ಸ್ವಿಚ್ಚನ್ನೂ ಮುಟ್ಟದೆ ನೇರ ಹೋಲ್ಡರ್‌ಗೆ ಬರಬೇಕು. ಬಹಳಷ್ಟು ಸ್ವಿಚ್‌ಗಳಲ್ಲಿ ನಡುವಿನ ಟರ್ಮಿನಲ್ಲೇ ಕಾಮನ್, ಆದರೆ ಎಲ್ಲ ತಯಾರಿಕೆಗಳಲ್ಲೂ ಹಾಗಿರಬೇಕೆಂದಿಲ್ಲ. ಸ್ವಿಚ್ಚನ್ನು ಕೂರಿಸುವ ಮೊದಲು ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ದಾರಿ ಕಡಿಯದೆ ಕೂಡಿದೆಯೇ ಎಂದು ತೋರಿಸುವ ಸ್ಥಾನಕ್ಕೆ) ಇಟ್ಟು, ಮೇಲೆ ಒತ್ತಿದಾಗ ಒಂದರೊಂದಿಗೂ ಕೆಳಗೆ ಒತ್ತಿದಾಗ ಇನ್ನೊಂದರೊಂದಿಗೂ ಕೂಡುವ ಟರ್ಮಿನಲ್ ಯಾವುದೆಂದು ನೋಡಿಕೊಳ್ಳಿ. ಇದಕ್ಕೆ ಅರ್ಧ ನಿಮಿಷವೂ ಬೇಡ.

ಒಂದು ಸ್ವಿಚ್ಚಿನಲ್ಲಿ ಕಾಮನ್ ತಪ್ಪಿದರೆ ಲಕ್ಷಣ ಸ್ಪಷ್ಟ: ಎರಡು ಸ್ವಿಚ್‌ಗಳ ನಾಲ್ಕು ಸ್ಥಿತಿಗಳಲ್ಲಿ ಎರಡರಲ್ಲಿ ಹೊತ್ತಬೇಕಾದ ದೀಪ ಒಂದರಲ್ಲಿ ಮಾತ್ರ ಹೊತ್ತುತ್ತದೆ, ಕೆಳಗಿನ ಸ್ವಿಚ್ ಆರಿಸಿದ್ದನ್ನು ಮೇಲಿನ ಸ್ವಿಚ್ಚಿನಿಂದ ಹೊತ್ತಿಸಲು ಆಗುವುದಿಲ್ಲ. ಈ ಲಕ್ಷಣ ಕಂಡಕೂಡಲೇ ಇಡೀ ಬೋರ್ಡನ್ನು ಬಿಚ್ಚದೆ ಕಾಮನ್‌ಗಳನ್ನಷ್ಟೇ ನೋಡಿದರೆ ಸಾಕು. ಮೌಖಿಕದಲ್ಲಿ ಕೇಳಬಹುದಾದ ಇನ್ನೊಂದು ವಿಷಯವನ್ನೂ ಇಲ್ಲಿಯೇ ತಿಳಿದಿರಿ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಎರಡೂ ಸ್ವಿಚ್‌ಗಳಿಗೆ ಕೊಟ್ಟು, ದೀಪವನ್ನು ಎರಡು ಕಾಮನ್‌ಗಳ ನಡುವೆ ಇಡುವ ಪದ್ಧತಿಯೊಂದಿದೆ. ಅದರಲ್ಲಿಯೂ ದೀಪ ಎರಡೂ ಕಡೆಯಿಂದ ಹೊತ್ತಿ ಆರುತ್ತದೆ. ಆದರೆ ಎರಡೂ ಕಾಮನ್‌ಗಳು ಫೇಸ್‌ನ ಕಡೆಗೇ ತಿರುಗಿದಾಗ ದೀಪ ಆರಿದ್ದರೂ ಹೋಲ್ಡರಿನ ಎರಡು ಪಿನ್‌ಗಳಲ್ಲೂ ಕರೆಂಟ್ ಇರುತ್ತದೆ. ಬಲ್ಬ್ ಬದಲಿಸಲು ಕೈ ಹಾಕಿದವರ ಜೀವಕ್ಕೆ ಅದು ಅಪಾಯ. ಒಂದೇ ವೈರನ್ನು ಕಡಿಯುವ ಸಿಂಗಲ್ ಪೋಲ್ ಸ್ವಿಚ್ ಫೇಸ್‌ನಲ್ಲಿಯೇ ಇರಬೇಕು ಎಂಬ ನಿಯಮದ ಕಾರಣವೂ ಇದೇ.

ಈ ಅಭ್ಯಾಸಕ್ಕೆ ವರ್ಕ್‌ಶಾಪ್ ತೆರೆಯುವವರೆಗೆ ಕಾಯಬೇಕಾಗಿಲ್ಲ. ಎರಡು ಟೂ-ವೇ ಸ್ವಿಚ್, ಒಂದು ಹೋಲ್ಡರ್, ಒಂದಿಷ್ಟು ಹಳೆಯ ವೈರ್, ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಮನೆಯಲ್ಲಿಯೇ ಸಪ್ಲೈ ಇಲ್ಲದೆ ನಾಲ್ಕೂ ಸ್ಥಿತಿಗಳನ್ನು ಪರೀಕ್ಷಿಸಬಹುದು. ಮನೆಯ ಸಾಕೆಟ್‌ಗೆ ಮಾತ್ರ ದಯವಿಟ್ಟು ಜೋಡಿಸಬೇಡಿ.

ಕೈಚಳಕದ ವಿಷಯಕ್ಕೆ ಬಂದರೆ, ಪರೀಕ್ಷಕರ ಕಣ್ಣು ಮೊದಲು ಹೋಗುವುದು ಟರ್ಮಿನಲ್‌ಗಳ ಮೇಲೆ. ವೈರಿನ ಇನ್ಸುಲೇಶನ್ ಅನ್ನು ಟರ್ಮಿನಲ್‌ನ ಆಳಕ್ಕೆ ತಕ್ಕಷ್ಟೇ ಸುಲಿಯಬೇಕು: ಹೊರಗೆ ತಾಮ್ರ ಕಾಣಬಾರದು, ಸ್ಕ್ರೂ ಕೆಳಗೆ ಇನ್ಸುಲೇಶನ್ ಸಿಕ್ಕಿಕೊಂಡಿರಲೂ ಬಾರದು. ಚಾಕುವನ್ನು ನೇರ ಸುತ್ತ ತಿರುಗಿಸಿದರೆ ಎಳೆಗಳು ಕತ್ತರಿಸಿಹೋಗುತ್ತವೆ. ಪೆನ್ಸಿಲ್ ಹೆರೆಯುವಂತೆ ಓರೆಯಾಗಿ ಹಿಡಿಯಬೇಕು, ಅಥವಾ ಸ್ಟ್ರಿಪ್ಪರನ್ನು ಬಳಸಬೇಕು. ಎಳೆಗಳನ್ನು ಬಿಗಿಯಾಗಿ ಹೊಸೆದು ಒಳಗೆ ಸೇರಿಸಿ, ಸ್ಕ್ರೂ ಬಿಗಿದ ಮೇಲೆ ಮೆಲ್ಲಗೆ ಎಳೆದು ನೋಡಿ. ವೈರ್ ಓಡಿಸುವ ಮುಚ್ಚಳದ ಪಟ್ಟಿಯಾದ ಕೇಸಿಂಗ್ ಒಳಗೆ ಜಾಯಿಂಟ್ ಇರಲೇಬಾರದು. ನ್ಯೂಟ್ರಲ್ ಅಥವಾ ಫೇಸ್ ಮುಂದಕ್ಕೆ ಬೇಕಾದರೆ ಸ್ವಿಚ್ ಅಥವಾ ಹೋಲ್ಡರಿನ ಟರ್ಮಿನಲ್‌ನಿಂದಲೇ ಲೂಪ್ ಮಾಡಬೇಕು. ಕೇಸಿಂಗ್ ಮೂಲೆಗಳನ್ನು 45 ಡಿಗ್ರಿಗೆ ಕೊಯ್ದು ಸಂದಿ ಕಾಣದಂತೆ ಕೂಡಿಸುವುದಕ್ಕೆ ಹ್ಯಾಕ್ಸಾ ಹಿಡಿದು ಅಭ್ಯಾಸ ಮಾಡಿದ್ದರೆ ಮಾತ್ರ ಸಾಧ್ಯ. ಸ್ವಿಚ್ಚುಗಳನ್ನು ಕೂರಿಸುವ ಗ್ಯಾಂಗ್ ಬಾಕ್ಸ್ ಲೋಹದ್ದಾದರೆ ಅದಕ್ಕೂ ಅರ್ಥ್ ಬೇಕು. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ಪಿನ್ ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹಿಂದಿನಿಂದ ವೈರ್ ಜೋಡಿಸುವಾಗ ಎಡಬಲ ಅದಲುಬದಲಾಗಿ ಕಾಣುವುದರಿಂದಲೇ ಇಲ್ಲಿ ತಪ್ಪುಗಳಾಗುತ್ತವೆ.

ಸಮಯವನ್ನು ಮೊದಲೇ ಹಂಚಿಕೊಳ್ಳಿ. ನಾಲ್ಕು ಗಂಟೆಯ ಜಾಬ್ ಎಂದುಕೊಂಡರೆ ಚಿತ್ರ ಮತ್ತು ಸಾಮಾನಿನ ಪಟ್ಟಿಗೆ ಅರ್ಧ ಗಂಟೆ, ಪರೀಕ್ಷಣೆಗೆ ಕೊನೆಯ ಅರ್ಧ ಗಂಟೆ ಮೀಸಲಿರಲಿ. ಕೊನೆಯ ಈ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಆ ಅರ್ಧ ಗಂಟೆಯಲ್ಲಿ ಮಾಡಬೇಕಾದ್ದು ಹೀಗೆ. ಮೊದಲು ಕಣ್ಣಳತೆಯ ಪರಿಶೀಲನೆ. ಆಮೇಲೆ ಮೇನ್ ಆಫ್ ಇರುವಾಗಲೇ ಕಂಟಿನ್ಯೂಟಿ: ಫೇಸ್ ಸ್ವಿಚ್ಚಿನ ಮೂಲಕವೇ ಹೋಲ್ಡರ್ ತಲುಪುತ್ತದೆಯೇ, ಅರ್ಥ್ ವೈರ್ ಎಲ್ಲಿಯೂ ಕಡಿದಿಲ್ಲವೇ ಎಂದು ನೋಡಬೇಕು. ಅರ್ಥ್ ಕಂಟಿನ್ಯೂಟಿಯ ರೋಧ 1 ಓಮ್ ಮೀರಬಾರದು. ನಂತರ 500 ವೋಲ್ಟ್ ಮೆಗ್ಗರ್, ಅಂದರೆ ಇನ್ಸುಲೇಶನ್ ರೋಧವನ್ನು ಅಳೆಯುವ ಮೀಟರ್. ಬಲ್ಬ್‌ಗಳನ್ನು ತೆಗೆದು, ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಅದನ್ನೂ ಬಿಡಿಸಿ, ಎಲ್ಲ ಸ್ವಿಚ್‌ಗಳನ್ನು ಆನ್ ಮಾಡಿ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಒಮ್ಮೆ, ಅವೆರಡನ್ನೂ ಕೂಡಿಸಿ ಅರ್ಥ್‌ನೊಂದಿಗೆ ಇನ್ನೊಮ್ಮೆ ಅಳೆಯಬೇಕು. ಟ್ರೇಡ್ ಪುಸ್ತಕದ ಲೆಕ್ಕದಲ್ಲಿ ಸರ್ಕಿಟ್‌ನ ಇನ್ಸುಲೇಶನ್ ರೋಧ 50 ಮೆಗಾಓಮ್ ಅನ್ನು ಪಾಯಿಂಟ್‌ಗಳ (ದೀಪ, ಫ್ಯಾನ್, ಸಾಕೆಟ್ ಮುಂತಾದವು) ಸಂಖ್ಯೆಯಿಂದ ಭಾಗಿಸಿದಷ್ಟಾದರೂ ಇರಬೇಕು, ಅಂದರೆ ಹತ್ತು ಪಾಯಿಂಟ್‌ಗೆ 5 ಮೆಗಾಓಮ್. ಇಡೀ ಕಟ್ಟಡದ ವೈರಿಂಗ್‌ಗೆ ಮಾತ್ರ 1 ಮೆಗಾಓಮ್‌ಗಿಂತ ಹೆಚ್ಚನ್ನು ಒತ್ತಾಯಿಸುವುದಿಲ್ಲ. ಬಂದ ಅಳತೆಯನ್ನು ಉತ್ತರಪತ್ರಿಕೆಯಲ್ಲಿ ಬರೆದಿಡಿ.

ಸುರಕ್ಷತೆಯನ್ನೂ ಪರೀಕ್ಷಕರು ಗಮನಿಸುತ್ತಾರೆ. ಹತ್ತಿಯ ಬಟ್ಟೆ, ರಬ್ಬರ್ ಅಡಿಯ ಶೂ ಇರಲಿ, ಉಂಗುರ ಮತ್ತು ಕಡಗವನ್ನು ತೆಗೆದಿಟ್ಟು ಹೋಗಿ. ನಿಯಾನ್ ಟೆಸ್ಟರನ್ನು ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಸಾಕೆಟ್‌ನಲ್ಲಿ ನೋಡಿ, ಆಮೇಲೆ ನಿಮ್ಮ ಬೋರ್ಡಿಗೆ ಹಿಡಿಯಿರಿ. ಕೆಟ್ಟ ಟೆಸ್ಟರ್ ಹೊತ್ತದಿದ್ದರೆ ಸಪ್ಲೈ ಇಲ್ಲವೆಂದು ಭ್ರಮಿಸುವಂತಾಗುತ್ತದೆ. ತುಂಡು ವೈರ್‌ಗಳನ್ನು ನೆಲಕ್ಕೆ ಚೆಲ್ಲದೆ ಒಂದೆಡೆ ಕೂಡಿಡಿ, ಏಕೆಂದರೆ ಸಾಮಾನನ್ನು ಪೋಲು ಮಾಡದಿರುವುದೂ ಮೌಲ್ಯಮಾಪನದ ಅಂಶ.

ಸಪ್ಲೈ ಕೊಟ್ಟಾಗ ದೀಪ ಹೊತ್ತದಿದ್ದರೆ ಗಾಬರಿಯಿಂದ ಕೈ ಹಾಕಬೇಡಿ. ಮೊದಲು ಎಂಸಿಬಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಎಲ್ಲೋ ಶಾರ್ಟ್ ಇದೆ, ಅದನ್ನು ಮತ್ತೆ ಮತ್ತೆ ಎತ್ತಲು ಹೋಗದೆ ಮೇನ್ ಆಫ್ ಮಾಡಿ ಮೆಗ್ಗರಿಗೆ ಹಿಂದಿರುಗಿ. ಬಿದ್ದಿರದಿದ್ದರೆ ಪರೀಕ್ಷಕರಿಗೆ ತಿಳಿಸಿ, ಮೇನ್ ಆಫ್ ಮಾಡಿ, ಬಲ್ಬ್, ಹೋಲ್ಡರಿನ ಪಿನ್, ನ್ಯೂಟ್ರಲ್, ಸ್ವಿಚ್ಚಿನ ಕಾಮನ್, ಎಂಸಿಬಿಯ ಹೊರ ಟರ್ಮಿನಲ್ ಎಂಬ ಕ್ರಮದಲ್ಲಿ ದೀಪದಿಂದ ಹಿಂದಕ್ಕೆ ಕಂಟಿನ್ಯೂಟಿ ನೋಡುತ್ತ ಬನ್ನಿ, ಮತ್ತು ಏನನ್ನು ಏಕೆ ನೋಡುತ್ತಿದ್ದೀರೆಂದು ಪರೀಕ್ಷಕರಿಗೆ ಕೇಳುವಂತೆ ಹೇಳುತ್ತ ಮಾಡಿ.