ಸಣ್ಣ ವಿಮಾನ ಹಾರಿಸುವಾಗ ಯಾವ ಕೂಲಿಂಗ್ ಗ್ಲಾಸ್? ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ: ಸಣ್ಣ ವಿಮಾನಕ್ಕೆ ಪೋಲರೈಸ್ಡ್, ಅಂದರೆ ನೀರು, ರಸ್ತೆಯಿಂದ ಚಿಮ್ಮುವ ಹೊಳಪನ್ನು ಅಳಿಸುವ ಕೂಲಿಂಗ್ ಗ್ಲಾಸ್ ಬೇಡ. ಅಂಗಡಿಯವರು ಎಷ್ಟೇ ಹೊಗಳಲಿ, ಬೇಡ. ನಮ್ಮ ಕಡೆಯಿಂದ ಫ್ಲೈಯಿಂಗ್ ಕಲಿಯಲು ಹೋಗುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಮೊದಲು ಮೆಡಿಕಲ್ ಪರೀಕ್ಷೆ ಬಗ್ಗೆ ಕೇಳುತ್ತಾರೆ, ಆಮೇಲೆ ಹೆಡ್‌ಸೆಟ್ ಬಗ್ಗೆ, ಕೊನೆಗೆ ಸ್ವಲ್ಪ ನಾಚಿಕೊಂಡು "ಸರ್, ಗ್ಲಾಸ್ ಯಾವುದು ತಗೊಳ್ಳಲಿ?" ಅಂತಾರೆ. ಇದರಲ್ಲಿ ನಾಚಿಕೊಳ್ಳೋದೇನೂ ಇಲ್ಲ. ಅದು ಶೋಕಿಯ ಪ್ರಶ್ನೆ ಅಲ್ಲ.

ನಾನು ಹುಬ್ಬಳ್ಳಿಯವನು. ವಿಮಾನ ನಿಲ್ದಾಣ ನಮ್ಮ ಗೋಕುಲ ರೋಡಿನಲ್ಲೇ ಇದ್ದರೂ ಹಾರಾಟ ಕಲಿತದ್ದು ಬೆಂಗಳೂರಿನ ಜಕ್ಕೂರಿನಲ್ಲಿ, ಸೆಸ್ನಾ 152 ಮತ್ತು 172 ಅನ್ನೋ ಸಣ್ಣ ವಿಮಾನಗಳ ಮೇಲೆ. ದೊಡ್ಡ ವಿಮಾನದವರ ಹಾಗೆ ನಾವು ಮೋಡದ ಮೇಲೆ ಮೂವತ್ತು ಮೂವತ್ತೈದು ಸಾವಿರ ಅಡಿಗೆ ಹೋಗುವವರಲ್ಲ. ಐದಾರು ಸಾವಿರ ಅಡಿಯಲ್ಲಿ, ನೆಲ ನೋಡಿಕೊಂಡು, ಚಿತ್ರದುರ್ಗ ಬಂತು, ಹರಿಹರದ ಹತ್ತಿರ ತುಂಗಭದ್ರೆ ಬಂತು, ಹಾವೇರಿ ಬಂತು ಅಂತ ಹೆದ್ದಾರಿ ಹಿಡಿದುಕೊಂಡು ಹೋಗುವವರು. ಆ ಎತ್ತರದಲ್ಲಿ ಇನ್ನೊಂದು ವಿಮಾನ ಬರುತ್ತಿದೆಯಾ, ಹದ್ದು ಸುತ್ತುತ್ತಿದೆಯಾ ಅನ್ನೋದನ್ನು ಕಣ್ಣಿನಿಂದಲೇ ಹುಡುಕಬೇಕು. ಹಾಗಾಗಿ ನಾನು ಗ್ಲಾಸ್ ಆರಿಸುವಾಗ ನೋಡಿದ್ದು ಒಂದೇ. ಬೆಳಕು ಕಡಿಮೆಯಾಗಲಿ, ಆದರೆ ಕಾಣಬೇಕಾದ್ದು ಯಾವುದೂ ಮರೆಯಾಗಬಾರದು.

ಪೋಲರೈಸ್ಡ್ ಸೋಲುವುದು ಇಲ್ಲೇ. ಅಂಗಡಿಯಲ್ಲಿ ಒಂದು ಕಾರ್ಡ್ ಇಟ್ಟಿರುತ್ತಾರೆ, ನೋಡಿರಬಹುದು. ಬರಿಗಣ್ಣಿಗೆ ಖಾಲಿ, ಗ್ಲಾಸ್ ಹಾಕಿದರೆ ಅದರಲ್ಲೊಂದು ಮೀನೋ ಕಾರೋ ಕಾಣುತ್ತದೆ. ಗಿರಾಕಿ ಅಲ್ಲೇ ಬೀಳುತ್ತಾನೆ. ಆ ಕಾರ್ಡ್ ತೋರಿಸುವುದು ಲೆನ್ಸ್ ಪೋಲರೈಸ್ಡ್ ಹೌದೋ ಅಲ್ಲವೋ ಅನ್ನೋದನ್ನು ಮಾತ್ರ. ಮನೆಯಲ್ಲೇ ನೋಡಬೇಕೆಂದರೆ ಗ್ಲಾಸ್ ಹಿಡಿದು ಮೊಬೈಲ್ ಪರದೆ ನೋಡಿ, ಫೋನನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಮಂಕಾದರೆ ಅಥವಾ ಪೂರ್ತಿ ಕಪ್ಪಾದರೆ ಅದು ಪೋಲರೈಸ್ಡ್.

ನಾನು ಎರಡು ಜೋಡಿ ತೆಗೆದುಕೊಂಡು ಹೋಗಿ, ನಿಂತ ವಿಮಾನದಲ್ಲಿ ಕೂತು, ಒಂದಾದ ಮೇಲೆ ಒಂದು ಹಾಕಿ ನೋಡಿದೆ. ಮೊದಲು ಕಂಡದ್ದು ವಿಂಡ್‌ಸ್ಕ್ರೀನ್. ಅದು ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಬಗ್ಗಿಸಿ ಕೂರಿಸಿದ ಕಡೆ ಅದರೊಳಗೆ ಒತ್ತಡ ಇರುತ್ತದೆ. ನೀಲಿ ಆಕಾಶದ ಬೆಳಕು ಮೊದಲೇ ಒಂದಿಷ್ಟು ಪೋಲರೈಸ್ ಆಗಿರುತ್ತದೆ, ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ, ಹಾಗಾಗಿ ಪೋಲರೈಸ್ಡ್ ಗ್ಲಾಸ್ ಹಾಕಿದ ಕೂಡಲೇ ಆ ಒತ್ತಡವೆಲ್ಲ ಬಣ್ಣದ ಪಟ್ಟೆಯಾಗಿ ಎದ್ದು ಕಾಣುತ್ತದೆ. ಕಾರಿನ ಹಿಂದಿನ ಗಾಜಿನ ಮೇಲೆ ಚುಕ್ಕೆ ಚುಕ್ಕೆ ಕಾಣುತ್ತದಲ್ವಾ, ಹೆಚ್ಚು ಕಡಿಮೆ ಅದೇ ಕಥೆ. ಆಮೇಲೆ ಪ್ಯಾನೆಲ್. ಹಳೇ ಮುಳ್ಳಿನ ಮೀಟರ್‌ಗಳಿಗೆ ಏನೂ ಆಗುವುದಿಲ್ಲ. ಆದರೆ ರೇಡಿಯೋ, ಟ್ರಾನ್ಸ್‌ಪಾಂಡರ್ (ರಡಾರ್‌ಗೆ ನಮ್ಮ ಗುರುತು ಹೇಳುವ ಯಂತ್ರ), ಜಿಪಿಎಸ್‌ಗಳ ಎಲ್‌ಸಿಡಿ ಪರದೆಗಳಲ್ಲಿ ಕೆಲವು ನೇರ ಕೂತಾಗ ಸರಿ ಇದ್ದು, ತಲೆ ಸ್ವಲ್ಪ ವಾಲಿಸಿದರೆ ಮಸುಕಾಗುತ್ತವೆ. ತೊಡೆಯ ಮೇಲಿನ ಟ್ಯಾಬ್ಲೆಟ್ ಉದ್ದಕ್ಕೆ ಇಟ್ಟರೆ ಒಂದು ಥರ, ಅಡ್ಡ ಇಟ್ಟರೆ ಇನ್ನೊಂದು ಥರ. ಫ್ರೀಕ್ವೆನ್ಸಿ ಬದಲಿಸುವ ಹೊತ್ತಿನಲ್ಲಿ ಅಂಕಿ ಕಾಣಲಿಲ್ಲ ಅಂತ ತಲೆ ಅಲ್ಲಾಡಿಸುತ್ತಾ ಕೂತರೆ ಆಯಿತು ಕೆಲಸ.

ಇವೆರಡು ಕೂತಲ್ಲೇ ಗೊತ್ತಾಗುತ್ತವೆ. ಗೊತ್ತೇ ಆಗದ ಇನ್ನೊಂದಿದೆ. ದೂರದ ಸಣ್ಣ ವಿಮಾನ ಎಷ್ಟೋ ಸಲ ಆಕಾರದಿಂದ ಕಾಣುವುದಿಲ್ಲ. ಅದರ ಗಾಜು ಅಥವಾ ರೆಕ್ಕೆಯಿಂದ ಬಿಸಿಲು ಒಮ್ಮೆ ಫಳ್ ಅಂದಾಗ ಕಣ್ಣು ಆ ಕಡೆ ಹೋಗುತ್ತದೆ, ಆಮೇಲೆ ವಿಮಾನ ಸಿಗುತ್ತದೆ. ಪೋಲರೈಸ್ಡ್ ಲೆನ್ಸ್ ಇರುವುದೇ ಇಂಥ ಹೊಳಪನ್ನು ಅಳಿಸಲಿಕ್ಕೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಪೈಲಟ್‌ಗಳಿಗೆ ಇದು ಬೇಡ ಅನ್ನುವುದಕ್ಕೆ ಕೊಡುವ ಕಾರಣಗಳಲ್ಲಿ ಇದೂ ಒಂದು. ನಮ್ಮ ಕಡೆಗೆ ನಾನು ಇನ್ನೊಂದು ಸೇರಿಸುತ್ತೇನೆ. ನವಲಗುಂದ, ಗದಗ ಕಡೆಯ ಎರೆ ಹೊಲಗಳ ಮೇಲೆ ಹಾರುವಾಗ, ಎಂಜಿನ್ ನಿಂತರೆ ಎಲ್ಲಿ ಇಳಿಸಲಿ ಅನ್ನೋ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರಬೇಕು. ಮಳೆಯಾದ ಎರೆ ಹೊಲದಲ್ಲಿ ಚಕ್ರ ಹೂತರೆ ವಿಮಾನ ಮೂಗಿನ ಮೇಲೆ ಬೀಳುತ್ತದೆ. ಸಾಲಿನ ನಡುವೆ ನೀರು ನಿಂತಿದೆಯಾ ಅಂತ ಮೇಲಿನಿಂದ ಹೇಳುವುದು ಆ ಮಿಂಚು ಒಂದೇ. ಅದನ್ನು ಅಳಿಸುವ ಗ್ಲಾಸ್ ನನಗೆ ಬೇಡ.

ಇನ್ನು ಬಣ್ಣ. ಬೂದು ಅಥವಾ ಬೂದು ಮಿಶ್ರಿತ ಹಸಿರು ತೆಗೆದುಕೊಂಡರೆ ಕೆಂಪು ಕೆಂಪಾಗೇ, ಹಸಿರು ಹಸಿರಾಗೇ ಕಾಣುತ್ತದೆ. ರನ್‌ವೇ ಪಕ್ಕದ ಪಾಪಿ (PAPI) ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಕೋನ ಸರಿ ಅಂತ ಅರ್ಥ, ಆದ್ದರಿಂದ ಬಣ್ಣದ ಜೊತೆ ಆಟ ಬೇಡ. ಕಂದು ಲೆನ್ಸ್ ಕೂಡ ನಡೆಯುತ್ತದೆ. ಸುಗ್ಗಿ ಕಾಲದ ದೂಳು, ಬೆಳಗಿನ ಮಂಜಿನಲ್ಲಿ ಅದು ಗೆರೆಗಳನ್ನು ಸ್ವಲ್ಪ ಎತ್ತಿ ತೋರಿಸುತ್ತದೆ, ಆದರೆ ಬಣ್ಣ ತುಸು ಬದಲಾಗುತ್ತದೆ. ಹಳದಿ, ನೀಲಿ, ಕನ್ನಡಿ ಹಾಗೆ ಹೊಳೆಯುವ ಕಿತ್ತಳೆ, ಇವೆಲ್ಲ ಜಾತ್ರೆಗೆ.

ಎಷ್ಟು ಕಪ್ಪು ಇರಬೇಕು? ನೂರು ಪಾಲು ಬೆಳಕಿನಲ್ಲಿ 15 ಪಾಲು ಒಳಗೆ ಬಿಡುವ ಲೆನ್ಸ್ ನನಗೆ ಸರಿ ಬಂತು. ಇದೇನು ಹೊಸದಲ್ಲ. ಬಾಷ್ ಅಂಡ್ ಲಾಂಬ್ ಕಂಪನಿ 1930ರ ದಶಕದಲ್ಲಿ ಪೈಲಟ್‌ಗಳಿಗಾಗಿ ಮಾಡಿದ ರೇ-ಬ್ಯಾನ್ ಏವಿಯೇಟರ್‌ಗೆ ಆಮೇಲೆ ಬಂದ ಜಿ-15 ಲೆನ್ಸ್‌ನ ಹೆಸರಿನಲ್ಲಿರುವ 15 ಇದೇ ಲೆಕ್ಕ. ಗ್ಲಾಸಿನ ಕಡ್ಡಿಯ ಒಳಗಡೆ ಕೆಲವೊಮ್ಮೆ ಕ್ಯಾಟಗರಿ ಅಂತ ಅಂಕಿ ಇರುತ್ತದೆ. 3 ಅಂದರೆ 8ರಿಂದ 18 ಪಾಲು ಬೆಳಕು, 2 ಅಂದರೆ 18ರಿಂದ 43. ಬಿಸಿಲಿಗೆ 3 ಸಾಕು. 4 ಹಿಮಪರ್ವತಕ್ಕೆ, ಅದನ್ನು ಹಾಕಿ ಕಾರು ಓಡಿಸುವುದೇ ಬೇಡ ಅನ್ನುತ್ತಾರೆ. ಜಾಸ್ತಿ ಕಪ್ಪಾದರೆ ಹೊರಗೆ ತಂಪು ಅನ್ನಿಸುತ್ತದೆ, ಕಣ್ಣು ಕೆಳಗಿಳಿಸಿ ಪ್ಯಾನೆಲ್ ನೋಡಿದರೆ ಕತ್ತಲೆ. ಇದಕ್ಕೆ ಮೇಲೆ ಕಪ್ಪು, ಕೆಳಗೆ ತಿಳಿಯಾಗುವ ಗ್ರೇಡಿಯಂಟ್ ಲೆನ್ಸ್ ಒಳ್ಳೇದು. ನನ್ನ ಈಗಿನ ಜೋಡಿ ಅಂಥದ್ದೇ.

ಕಪ್ಪಿದ್ದರೆ ಯುವಿ, ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ, ತಡೆಯುತ್ತದೆ ಅಂತ ತಿಳಿಯಬೇಡಿ. ಅದು ಬೇರೆ, ಇದು ಬೇರೆ. ಯುವಿ ತಡೆಯದ ಕಪ್ಪು ಲೆನ್ಸ್ ಬರಿಗಣ್ಣಿಗಿಂತ ಕೆಟ್ಟದ್ದು, ಯಾಕೆಂದರೆ ಕತ್ತಲಾದಂತೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಒಳಗೆ ಹೋಗುವುದೂ ಜಾಸ್ತಿ. ಎತ್ತರ ಏರಿದ ಹಾಗೆ ಯುವಿ ಕೂಡ ಏರುತ್ತದೆ, ಸಾವಿರ ಮೀಟರ್‌ಗೆ ಸುಮಾರು ಶೇಕಡಾ 10ರಂತೆ. ವಿಂಡ್‌ಸ್ಕ್ರೀನ್ ಒಂದಷ್ಟು ತಡೆಯುತ್ತದೆ ನಿಜ, ಆದರೆ ಏಪ್ರಿಲ್ ಬಿಸಿಲಲ್ಲಿ ಸೆಸ್ನಾದ ಪಕ್ಕದ ಕಿಟಕಿ ತೆರೆಯದೆ ಟ್ಯಾಕ್ಸಿ ಮಾಡುವವರು, ಅಂದರೆ ನೆಲದ ಮೇಲೆ ವಿಮಾನ ಓಡಿಸುವವರು, ಯಾರು? ಯುವಿ ಪೂರ್ತಿ ತಡೆಯುತ್ತದೆ ಅನ್ನಲು ಯುವಿ 400 ಅಂತ ಸ್ಟಿಕರ್ ಯಾರು ಬೇಕಾದರೂ ಅಂಟಿಸುತ್ತಾರೆ. ನಾನು ನೋಡಿದ್ದು ಖೋಟಾ ನೋಟು ಪರೀಕ್ಷೆಯ ಲೈಟಿನಲ್ಲಿ. ಆ ನೀಲಿ ಬೆಳಕಿನ ಕೆಳಗೆ ನೋಟಿನ ನಂಬರ್ ಹೊಳೆಯುತ್ತದೆ. ಲೈಟಿಗೂ ನೋಟಿಗೂ ನಡುವೆ ಲೆನ್ಸ್ ಹಿಡಿಯಿರಿ. ಹೊಳಪು ಹೋದರೆ ಲೆನ್ಸ್ ಯುವಿ ತಡೆಯುತ್ತಿದೆ. ನಿಮ್ಮ ಕಣ್ಣಿಗೂ ನೋಟಿಗೂ ನಡುವೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಇದು ಲ್ಯಾಬ್ ಪರೀಕ್ಷೆಯಲ್ಲ, ಆದರೆ ಪೂರಾ ಡೂಪ್ಲಿಕೇಟನ್ನು ಹಿಡಿಯುತ್ತದೆ. ದುರ್ಗದ ಬೈಲಿನ ಫುಟ್‌ಪಾತಿನಲ್ಲಿ ತಂದ ಒಂದು ಜೋಡಿಯ ಕೆಳಗೆ ನೋಟು ಹಾಗೇ ಮಿನುಗುತ್ತಿತ್ತು.

ಈಗ ಫ್ರೇಮ್. ಹೊಸಬರು ಇದರ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ, ಆದರೆ ನನಗೆ ಜಾಸ್ತಿ ತಲೆ ಕೆಡಿಸಿದ್ದು ಇದೇ. ಹೆಡ್‌ಸೆಟ್ ಎರಡೂ ಕಡೆಯಿಂದ ಗಟ್ಟಿಯಾಗಿ ಒತ್ತುತ್ತದೆ, ಒತ್ತಲೇಬೇಕು, ಇಲ್ಲದಿದ್ದರೆ ಎಂಜಿನ್ ಸದ್ದು ಒಳಗೆ ಬರುತ್ತದೆ. ಆ ಮೆತ್ತೆಯ ಕೆಳಗೆ ಗ್ಲಾಸಿನ ಕಡ್ಡಿ ಹೋಗುತ್ತದೆ. ಕಡ್ಡಿ ದಪ್ಪ ಇದ್ದರೆ ಎರಡು ತೊಂದರೆ. ಸಂದಿಯಲ್ಲಿ ಸದ್ದು ನುಗ್ಗುತ್ತದೆ, ಮತ್ತು ಕಿವಿಯ ಮೇಲಿನ ಎಲುಬಿಗೆ ಒತ್ತಿ ಒತ್ತಿ ಜಕ್ಕೂರಿನಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ತಲೆ ಸಿಡಿಯುತ್ತದೆ. ಹಾಗಾಗಿ ನಾನು ಹೆಡ್‌ಸೆಟ್ ಹಿಡಿದುಕೊಂಡೇ ಅಂಗಡಿಗೆ ಹೋದೆ. ಕೌಂಟರ್ ಹಿಂದಿದ್ದ ಹಿರಿಯರು ನೋಡಿ, "ಏನ್ರೀ ಸರ, ಡೀಜೆ ಹಚ್ಚೋರೇನ್ರೀ?" ಅಂದರು. ವಿಷಯ ಹೇಳಿದೆ. ಆಮೇಲೆ ಅವರಿಗೇ ಹುರುಪು ಬಂತು. ಒಂದೊಂದೇ ಫ್ರೇಮ್ ತೆಗೆದು ಕೊಡುವುದು, ನಾನು ಅದರ ಮೇಲೆ ಹೆಡ್‌ಸೆಟ್ ಹಾಕಿಕೊಂಡು ಸುಮ್ನೆ ಕೂರುವುದು. ದಪ್ಪ ಪ್ಲಾಸ್ಟಿಕ್ಕಿನವು ಸ್ವಲ್ಪ ಹೊತ್ತಿಗೇ ನೋಯಿಸಿದವು. ಕೊನೆಗೆ ನಿಂತದ್ದು ತೆಳ್ಳನೆ ತಂತಿಯಂಥ ಮೆಟಲ್ ಕಡ್ಡಿ, ಅದೂ ಕಿವಿ ಹಿಂದೆ ಕೊಕ್ಕೆಯಾಗಿ ಬಾಗದೆ ಹೆಚ್ಚು ಕಡಿಮೆ ನೇರ ಹೋಗುವಂಥದ್ದು. ಹಳೇ ಮಿಲಿಟರಿ ಪೈಲಟ್ ಫ್ರೇಮ್‌ಗಳು ನೇರ ಕಡ್ಡಿಯವಾಗಿರುವುದು ಇದಕ್ಕೇ. ಹೆಲ್ಮೆಟ್, ಹೆಡ್‌ಸೆಟ್ ತೆಗೆಯದೆ ಗ್ಲಾಸ್ ಒಳಗೆ ತೂರಿಸಬಹುದು, ಎಳೆದು ತೆಗೆಯಬಹುದು. ಮೋಡದ ನೆರಳಿಗೆ ಹೋದಾಗ ಒಂದೇ ಕೈಯಲ್ಲಿ ತೆಗೆಯಬೇಕಾಗುತ್ತದೆ, ಆಗ ಇದರ ಬೆಲೆ ಗೊತ್ತಾಗುತ್ತದೆ. ಮೂಗಿನ ಪ್ಯಾಡ್ ಸಿಲಿಕಾನ್‌ದು ಹಾಕಿಸಿಕೊಂಡೆ, ಬೆವರಿಗೆ ಜಾರುವುದಿಲ್ಲ.

ನನಗೆ ದೂರದ ನಂಬರ್ ಇದೆ, ಅದಕ್ಕೆ ರೆಡಿಮೇಡ್ ಆಗುವುದಿಲ್ಲ. ಲೆನ್ಸ್ ಯಾವುದು ಅಂತ ಮಾತು ಬಂತು. ಗಾಜು ಗೀರು ಬೀಳುವುದಿಲ್ಲ, ಆದರೆ ಭಾರ. ಪಾಲಿಕಾರ್ಬೊನೇಟ್ ಹಗುರ, ಪೆಟ್ಟು ತಾಳುತ್ತದೆ, ಯುವಿಯನ್ನು ತಾನೇ ತಡೆಯುತ್ತದೆ. "ಆದ್ರ ಪಾಲಿಗೆ ಟಿಂಟ್ ಛಲೋ ಕೂಡಂಗಿಲ್ರೀ, ಗೀರೂ ಭಾಳ ಬೀಳ್ತಾವ" ಅಂದರು ಹಿರಿಯರು. ಅವರು ಹೇಳಿದಂತೆ ಸಿಆರ್-39 ಪ್ಲಾಸ್ಟಿಕ್ ತೆಗೆದುಕೊಂಡು, ಬೂದು ಗ್ರೇಡಿಯಂಟ್ ಟಿಂಟ್, ಮೇಲೆ ಯುವಿ ಕೋಟಿಂಗ್ ಮಾಡಿಸಿದೆ. ದೊಡ್ಡ ಬ್ರಾಂಡಿನ ಒಂದು ಜೋಡಿಗೆ ಕೇಳುವ ದುಡ್ಡಿನಲ್ಲಿ ಅರ್ಧವೂ ಆಗಲಿಲ್ಲ.

ನಂಬರ್ ಇಲ್ಲದವರು ರೆಡಿಮೇಡ್ ತೆಗೆದುಕೊಳ್ಳುವಾಗ ಒಂದು ಕೆಲಸ ಮಾಡಿ. ಗ್ಲಾಸನ್ನು ಕೈ ಚಾಚಿ ಹಿಡಿದು, ಲೆನ್ಸಿನ ಮೂಲಕ ಅಂಗಡಿಯ ಟೈಲ್ಸಿನ ಗೆರೆಯನ್ನೋ ಬಾಗಿಲ ಚೌಕಟ್ಟನ್ನೋ ನೋಡುತ್ತಾ ನಿಧಾನವಾಗಿ ಅಲ್ಲಾಡಿಸಿ. ಗೆರೆ ನೀರಿನಲ್ಲಿದ್ದ ಹಾಗೆ ಬಳುಕಿದರೆ ವಾಪಸ್ ಕೊಡಿ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಕಪ್ಪಾಗುವುದು ಯುವಿಯಿಂದ. ವಿಂಡ್‌ಸ್ಕ್ರೀನ್ ಯುವಿ ತಡೆದರೆ ಕಾಕ್‌ಪಿಟ್ಟಿನಲ್ಲಿ ಅದು ಅರ್ಧಂಬರ್ಧ ಕಪ್ಪಾಗಿ ಕೂರುತ್ತದೆ. ಮತ್ತೆ ತಿಳಿಯಾಗಲು ನಿಮಿಷಗಟ್ಟಲೆ ಬೇಕು. ಬೇಡ.

ಇನ್ನೊಂದು ಮಾತು, ನಂಬರ್ ಇರುವವರು ಹಾರುವಾಗ ಇನ್ನೊಂದು ಕನ್ನಡಕ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಲೇಬೇಕು, ಅದು ನಿಯಮ. ನನ್ನ ಬಿಳಿ ಲೆನ್ಸಿನ ಜೋಡಿ ಶರ್ಟಿನ ಜೇಬಿನಲ್ಲಿ ಇರುತ್ತದೆ. ಧಾರವಾಡದ ಸ್ನೇಹಿತರೊಬ್ಬರಿಗೆ ಐವತ್ತು ದಾಟಿದೆ, ಚಾರ್ಟಿನ ಸಣ್ಣ ಅಂಕಿ ಓದಲು ಕೆಳಗೆ ಓದುವ ನಂಬರ್ ಬೇಕು. ಅವರು ಕೂಲಿಂಗ್ ಗ್ಲಾಸಿನಲ್ಲೇ ಬೈಫೋಕಲ್ ಮಾಡಿಸಿಕೊಂಡಿದ್ದಾರೆ, ಆದರೆ ಓದುವ ಭಾಗವನ್ನು ಮಾಮೂಲಿಗಿಂತ ಸ್ವಲ್ಪ ಕೆಳಗೆ ಇರಿಸಿಕೊಂಡಿದ್ದಾರೆ. ಇಲ್ಲದಿದ್ದರೆ ಇಳಿಯುವಾಗ ರನ್‌ವೇಯ ಬುಡ ಮಸುಕಾಗುತ್ತದಂತೆ.

ಎಷ್ಟೇ ಒಳ್ಳೆ ಗ್ಲಾಸ್ ಇದ್ದರೂ ಸೂರ್ಯ ಎದುರಿಗೇ ಇದ್ದರೆ ಅದು ಸೋಲುತ್ತದೆ. ಹುಬ್ಬಳ್ಳಿ ರನ್‌ವೇ ಪೂರ್ವ ಪಶ್ಚಿಮ, ಅದರ ಎರಡು ದಿಕ್ಕಿನ ನಂಬರ್ 08 ಮತ್ತು 26. ಜಕ್ಕೂರು, ಬೆಳಗಾವಿಯ ಸಾಂಬ್ರಾ ಕೂಡ ಹಾಗೇ. ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಸೂರ್ಯ ಮುಳುಗುವುದು ಹೆಚ್ಚು ಕಡಿಮೆ ನೇರ ಪಶ್ಚಿಮಕ್ಕೆ. ಸಂಜೆ ಪಶ್ಚಿಮಕ್ಕೆ ಮುಖ ಮಾಡಿ 26ಕ್ಕೆ ಇಳಿಯುತ್ತಿದ್ದರೆ ರನ್‌ವೇಯ ತುದಿಯಲ್ಲೇ ಕೂತಿರುತ್ತಾನೆ. ವಿಂಡ್‌ಸ್ಕ್ರೀನ್ ಮೇಲಿನ ಒಂದೊಂದು ಗೀರೂ, ಸತ್ತ ಹುಳದ ಕಲೆಯೂ ಬೆಳಗುತ್ತದೆ. ಆಗ ಉಪಯೋಗಕ್ಕೆ ಬರುವುದು ಒಳಗಿನ ಸನ್ ವೈಸರ್, ತುದಿ ಗಿಡ್ಡ ಇರುವ ಟೋಪಿ, ಮತ್ತು ಹೊರಡುವ ಮೊದಲು ವಿಂಡ್‌ಸ್ಕ್ರೀನನ್ನು ನೀರು ಹಾಕಿ ತೊಳೆದಿರುವುದು. ಟೋಪಿ ನೆತ್ತಿಯ ಮೇಲೆ ಬಟ್ಟೆ ಸುತ್ತಿದ ಗುಂಡಿ ಇರುತ್ತದಲ್ವಾ, ಅದನ್ನು ಮೊದಲೇ ಕಿತ್ತುಬಿಡಿ. ಹೆಡ್‌ಸೆಟ್ಟಿನ ಪಟ್ಟಿ ಅದರ ಮೇಲೇ ಕೂತು ಮೊಳೆ ಹೊಡೆದ ಹಾಗಾಗುತ್ತದೆ. ಸಾಧ್ಯವಿದ್ದರೆ ಅರ್ಧ ತಾಸು ಮೊದಲೇ ಇಳಿಯುವ ಹಾಗೆ ಹೊರಡುವುದು ಎಲ್ಲಕ್ಕಿಂತ ಒಳ್ಳೇದು.

ಗ್ಲಾಸ್ ಒರೆಸಲು ಶರ್ಟಿನ ತುದಿ ಬಳಸಬೇಡಿ, ನಮ್ಮ ದೂಳಿನಲ್ಲಿ ಮರಳಿರುತ್ತದೆ. ಮೊದಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಆಮೇಲೆ ಮೆತ್ತನೆ ಬಟ್ಟೆ. ಬಿಸಿಲಲ್ಲಿ ನಿಂತ ವಿಮಾನದ ಡ್ಯಾಶ್ ಮೇಲೆ ಬಿಟ್ಟು ಬಂದರೆ ಕೋಟಿಂಗ್ ಬಿರುಕು ಬಿಡುತ್ತದೆ. ಸೀಟಿನ ಮೇಲೂ ಬೇಡ, ಜಾರಿ ಕಾಲ ಕೆಳಗಿನ ರಡ್ಡರ್ ಪೆಡಲ್ ಕಡೆ ಹೋದರೆ ಗಾಳಿಯಲ್ಲಿ ಬಗ್ಗಿ ಹುಡುಕಲು ಆಗುವುದಿಲ್ಲ. ಪೋಲರೈಸ್ಡ್ ಜೋಡಿಯನ್ನು ನಾನು ಬಿಸಾಡಿಲ್ಲ, ಮಳೆಗಾಲದಲ್ಲಿ ಒದ್ದೆ ರಸ್ತೆ ಹೊಳೆಯುವಾಗ ಧಾರವಾಡಕ್ಕೆ ಕಾರಿನಲ್ಲಿ ಹೋಗಲು ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಎರಡೂ ನೋಡಲು ಒಂದೇ ಥರ ಇರುವುದರಿಂದ ಅದರ ಡಬ್ಬಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿ ಕಾರಿನಲ್ಲೇ ಇಟ್ಟಿದ್ದೇನೆ, ಫ್ಲೈಯಿಂಗ್ ಬ್ಯಾಗಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.