ಕೋವಿ ಹಿಡಿದ ಕೈಗೆ ರಿವಾಲ್ವರ್: ನನ್ನ ಹಂದಿ ಬೇಟೆ

ಪ್ರತಿ ವರ್ಷ ಸೆಪ್ಟೆಂಬರ್ 3ಕ್ಕೆ, ಕೊಡಗಿನಲ್ಲಿ ಆಯುಧ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬದ ದಿನ, ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಇದೇ ಪ್ರಶ್ನೆ. ಕೋವಿ, ಕತ್ತಿ ಎಲ್ಲ ಒರೆಸಿ, ತೋಕ್ ಪೂ ಅನ್ನುವ ಕಾಡುಹೂ ಸಿಕ್ಕಿಸಿ ಪೂಜೆ ಮುಗಿದಿರುತ್ತದೆ. ಕಡಂಬುಟ್ಟು (ಅಕ್ಕಿ ಉಂಡೆ), ಪಂದಿಕರಿ (ಹಂದಿ ಮಾಂಸದ ಅಡುಗೆ) ಹೊಟ್ಟೆ ಸೇರಿರುತ್ತದೆ. ಆಗ ಯಾವನಾದರೂ ಹುಡುಗ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾನೆ. "ಚಿಕ್ಕಪ್ಪ, ನೀವು ಅಮೆರಿಕದಲ್ಲಿ ಪಿಸ್ತೂಲಲ್ಲಿ ಹಂದಿ ಹೊಡೆದಿದ್ದೀರಂತೆ, ಹೌದಾ?"

ಹೌದು. ಪಿಸ್ತೂಲಲ್ಲ, ರಿವಾಲ್ವರ್. ಊರಲ್ಲಂತೂ ಅಲ್ಲವೇ ಅಲ್ಲ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಾಡುಹಂದಿ ಹೊಡೆದರೆ ಕೇಸು. ಕೊಡವರಿಗೂ, ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿಯಾದ ಜಮ್ಮಾ ಹಿಡುವಳಿಯವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ 2029ರವರೆಗೆ ಮುಂದುವರಿದಿದೆ ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಹಂದಿಗೆ ಗುರಿ ಇಡುವುದಕ್ಕಲ್ಲ. ಇದನ್ನು ಎರಡು ಸಲ ಹೇಳಿದ ಮೇಲೇ ನಾನು ಕತೆ ಶುರು ಮಾಡುವುದು.

ಟೆಕ್ಸಾಸಿನಲ್ಲಿ ಕೆಲಸಕ್ಕಿದ್ದಾಗಿನ ಮಾತು. ಅಲ್ಲಿಯ ಹಂದಿ ನಮ್ಮ ಕಾಡಿನ ಹಂದಿಯಂತೆ ಆ ನೆಲದ್ದಲ್ಲ. ಸ್ಪೇನಿನವರು 16ನೇ ಶತಮಾನದಿಂದ ಆ ಖಂಡಕ್ಕೆ ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿದವು. 1930ರ ದಶಕದಲ್ಲಿ ಬೇಟೆಗೆಂದು ಬಿಟ್ಟ ಯುರೋಪಿನ ಕಾಡುಹಂದಿಗಳೂ ಅವುಗಳ ಜತೆ ಬೆರೆತವು. ಈಗ ಆ ಒಂದೇ ರಾಜ್ಯದಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಇವೆ ಅಂತ ಅಂದಾಜು. ನಮ್ಮಲ್ಲಿ ಹಂದಿಯನ್ನು ಹುಲಿ, ಸೀಳುನಾಯಿ ತಿನ್ನುತ್ತವೆ. ಅಲ್ಲಿ ಬೆಳೆದ ಹಂದಿಯನ್ನು ಕೇಳುವವರೇ ಇಲ್ಲ. ಹಾಗಾಗಿ ಸೀಸನ್ ಇಲ್ಲ, ಇಷ್ಟೇ ಹೊಡೆಯಬೇಕೆಂಬ ಲೆಕ್ಕ ಇಲ್ಲ, ಜಮೀನಿನವನು ಒಪ್ಪಿದರೆ ಸಾಕು. 2019ರಿಂದ ಖಾಸಗಿ ಜಮೀನಿನಲ್ಲಿ ಹಂದಿಗೆ ಬೇಟೆ ಲೈಸೆನ್ಸ್ ಕೂಡ ಬೇಡ. ನನಗೆ ಮಾತ್ರ ಬೇಕಿತ್ತು. ಕೆಲಸದ ವೀಸಾದಲ್ಲಿ ಇರುವವನು ಅಲ್ಲಿ ಬಂದೂಕು ಮುಟ್ಟುವುದೇ ಅಪರಾಧ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಬೇಟೆ ಲೈಸೆನ್ಸ್ ಒಂದು. ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಿದ್ದೆ. ಕೊಡಗಿನಲ್ಲಿ ಹುಟ್ಟಿದವನಿಗೆ ಇದೊಂದು ತಮಾಷೆ, ಅಲ್ವಾ?

ನಮ್ಮ ಆಫೀಸಿನವನೊಬ್ಬನ ಮಾವನಿಗೆ ದನ ಸಾಕುವ ದೊಡ್ಡ ಜಮೀನಿತ್ತು. ಎಪ್ಪತ್ತು ದಾಟಿದ ಮುದುಕ, ಮಾತು ಕಡಿಮೆ. ಅವನದೇ ರಿವಾಲ್ವರ್. ಭಾರಿ ಜೋರಿನ ತೋಟಾ ಹಾಕುವ .44 ಮ್ಯಾಗ್ನಮ್, ಏಳೂವರೆ ಇಂಚು ನಳಿಗೆ, ತೂಕ ಒಂದೂವರೆ ಕಿಲೋ. ಹತ್ತನೇ ವಯಸ್ಸಿನಲ್ಲೇ ಅಜ್ಜನ ಜೋಡು ನಳಿಗೆ ಕೋವಿ ಹಿಡಿದವನು ನಾನು. ಇದೇನು ಮಹಾ ಅಂದುಕೊಂಡು ಎರಡೂ ಕೈಯಲ್ಲಿ ಹಿಡಿದೆ. ಎಡಗೈ ತನ್ನಷ್ಟಕ್ಕೆ ಮುಂದೆ ಹೋಗಿ ನಳಿಗೆಯ ಬುಡ ಹಿಡಿಯಿತು. ಕೋವಿ ಹಿಡಿಯುವುದು ಹಾಗೇ ತಾನೆ. ಮುದುಕ ಫಟ್ ಅಂತ ನನ್ನ ಕೈಗೆ ಹೊಡೆದ.

ಆಮೇಲೆ ತೋರಿಸಿದ. ರಿವಾಲ್ವರಿನಲ್ಲಿ ತೋಟಾ ಕೂರುವ ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಗುಂಡು ಹಾರಿದಾಗ ಆ ಸಂದಿನಿಂದ ಪಕ್ಕಕ್ಕೆ ಬೆಂಕಿ ಚಿಮ್ಮುತ್ತದೆ. ಒಂದು ದಪ್ಪ ಕಾಗದವನ್ನು ಅಲ್ಲಿಗೆ ಇಳಿಬಿಟ್ಟು ಗುಂಡು ಹಾರಿಸಿದ. ಕಾಗದ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಹರಿದಿತ್ತು, ಅಂಚು ಕಪ್ಪಾಗಿತ್ತು. ನನ್ನ ಹೆಬ್ಬೆರಳು ಇದ್ದದ್ದು ಅದೇ ಜಾಗದಲ್ಲಿ.

ಗುರಿಯ ವಿಷಯದಲ್ಲೂ ಕಲಿತದ್ದನ್ನೆಲ್ಲ ಮರೆಯಬೇಕಾಯಿತು. ಕೋವಿಗೆ ಭುಜ ಇದೆ, ಕೆನ್ನೆ ಇದೆ. ರಿವಾಲ್ವರಿಗೆ ಬರೀ ಕೈ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಗೇಣು ಚಿಲ್ಲರೆ ಅಂತರ. ಆದ್ದರಿಂದ ಕೈ ಸ್ವಲ್ಪ ಅಲುಗಿದರೂ ಗುಂಡು ಎಲ್ಲೋ ಹೋಗುತ್ತದೆ. ಮೊದಲ ದಿನ ಇಪ್ಪತ್ತೈದು ಗಜದಲ್ಲಿ ನಾನು ಹಾರಿಸಿದ ಆರರಲ್ಲಿ ಎರಡು ಮಾತ್ರ ಊಟದ ತಟ್ಟೆಯಷ್ಟಗಲದ ಕಾಗದಕ್ಕೆ ಬಿದ್ದವು. ಸದ್ದಿಗೆ ಹೆದರಿ ಮೊದಲೇ ಕಣ್ಣು ಮುಚ್ಚುತ್ತಿದ್ದೆ. ಮುದುಕ ಅದೇ ರಿವಾಲ್ವರಿಗೆ .44 ಸ್ಪೆಷಲ್ ತೋಟಾ ಹಾಕಿಕೊಟ್ಟ. ಅದರ ಒದೆತ ಎಷ್ಟೋ ಮೆತ್ತಗೆ. ನಡುನಡುವೆ ನನಗೆ ಗೊತ್ತಾಗದ ಹಾಗೆ ಖಾಲಿ ತೋಟಾ ಸೇರಿಸುತ್ತಿದ್ದ. ಖಾಲಿ ಬಂದಾಗ ಕೈ ಹೇಗೆ ಬೆಚ್ಚಿಬೀಳುತ್ತದೆ ಅಂತ ನನಗೇ ಕಾಣಿಸುತ್ತಿತ್ತು. ನಾಚಿಕೆಯಾಗುತ್ತಿತ್ತು. ಎರಡು ತಿಂಗಳು, ಪ್ರತಿ ಶನಿವಾರ ಇದೇ ಕೆಲಸ.

ಹಂದಿಯ ಎದೆಯೊಳಗೆ ಗುಂಡು ಬೀಳಬೇಕಾದ ಜಾಗ ಹೆಚ್ಚುಕಡಿಮೆ ಸಿಪ್ಪೆ ಸಮೇತ ತೆಂಗಿನಕಾಯಿಯಷ್ಟು. ಕೈಲ್ ಪೊಳ್ದಿಗೆ ಮರದ ಮೇಲಿನ ಕಾಯಿಗೆ ಹೊಡೆಯುತ್ತೇವಲ್ಲ, ಅಷ್ಟೇ. ಆರಕ್ಕೆ ಆರೂ ಆ ಅಳತೆಯೊಳಗೆ ಬೀಳುವ ದೂರ ಯಾವುದೋ ಅದೇ ನಿನ್ನ ಬೇಟೆಯ ದೂರ, ಅದಕ್ಕಿಂತ ಒಂದು ಹೆಜ್ಜೆ ಆಚೆ ಇದ್ದರೂ ಬಿಟ್ಟುಬಿಡು ಅಂದ ಮುದುಕ. ನನ್ನದು ಮೂವತ್ತು ಗಜಕ್ಕೆ ನಿಂತಿತು. ಮುಂದೆ ಎಷ್ಟು ಅಭ್ಯಾಸ ಮಾಡಿದರೂ ನಲವತ್ತು ದಾಟಲಿಲ್ಲ.

ಮೂವತ್ತು ಗಜಕ್ಕೆ ಹಂದಿಯ ಹತ್ತಿರ ಹೋಗುವುದು ಹೇಗೆ? ಅದಕ್ಕೆ ಕಣ್ಣು ಮಂದ, ಮೂಗು ಮಾತ್ರ ಭಾರಿ ಚುರುಕು. ಗಾಳಿ ನನ್ನ ಮುಖಕ್ಕೆ ಬೀಸುತ್ತಿರಬೇಕು. ಜೇಬಿನಲ್ಲಿ ಪೌಡರ್ ಡಬ್ಬಿ ಇಟ್ಟುಕೊಂಡು ಹತ್ತು ಹೆಜ್ಜೆಗೊಮ್ಮೆ ಚಿಟಿಕೆ ಉದುರಿಸಿ ನೋಡುತ್ತಿದ್ದೆ. ನಮ್ಮ ಅಜ್ಜ ಇದಕ್ಕೇ ಬೀಡಿ ಬೂದಿ ಉದುರಿಸುತ್ತಿದ್ದರು.

ಮೊದಲ ಹಂದಿ ಒಂದು ಒಣ ಹಳ್ಳದ ದಡದಲ್ಲಿ ಸಿಕ್ಕಿತು. ಸಂಜೆ, ಇನ್ನೂ ಬೆಳಕಿತ್ತು. ಒಂಟಿ ಗಂಡು, ಮಣ್ಣು ಕೆದಕುತ್ತಾ ಅಡ್ಡಲಾಗಿ ನಿಂತಿತ್ತು. ಇಪ್ಪತ್ತೈದು ಗಜ ಇರಬಹುದು. ಮಂಡಿಯೂರಿ, ಮೊಣಕೈಯನ್ನು ಬಿದ್ದ ಮರದ ಮೇಲೆ ಒರಗಿಸಿ ಹ್ಯಾಮರ್ ಎಳೆದೆ. ಕಟಕ್ ಅಂತ ಸದ್ದು. ನನ್ನ ಕಿವಿಗೆ ಅದೇ ಗುಂಡಿನಷ್ಟು ಜೋರು. ಹಂದಿ ತಲೆ ಎತ್ತಿತು. ಕಿವಿಯ ಅಂಚಿನಲ್ಲಿ ಮೆತ್ತಿದ್ದ ಒಣ ಕೆಸರು ಕಾಣುವಷ್ಟು ಹತ್ತಿರ. ಅವಸರಪಟ್ಟೆ. ಮೈಯ ನಡುಮಧ್ಯಕ್ಕೆ ಹೊಡೆದೆ.

ಅಲ್ಲೇ ತಪ್ಪಿದ್ದು. ಹಂದಿಯ ಬೆನ್ನ ಮೇಲಿನ ಗೂನು ಕಣ್ಣಿಗೆ ಮೋಸ ಮಾಡುತ್ತದೆ. ಹೃದಯ ಇರುವುದು ತೀರಾ ಕೆಳಗೆ, ಮುಂಗಾಲಿನ ಹಿಂದೆಯೇ. ಮೈಯ ಎತ್ತರವನ್ನು ಮೂರು ಪಾಲು ಮಾಡಿದರೆ ಕೆಳಗಿನ ಪಾಲಿನಲ್ಲಿ. ಗಂಡಿಗೆ ಭುಜದ ಮೇಲೆ ಹಲಗೆಯಂಥ ಗಟ್ಟಿ ಚರ್ಮ ಬೇರೆ. ಹಂದಿ ಧಪ್ಪಂತ ಬಿತ್ತು. ನಾನು ಎದ್ದು ನಗುವಷ್ಟರಲ್ಲಿ ಅದೂ ಎದ್ದು ಮುಳ್ಳುಪೊದೆಗೆ ನುಗ್ಗಿತು.

ಮುದುಕ ಏನೂ ಅನ್ನಲಿಲ್ಲ. ಅರ್ಧ ಗಂಟೆ ಕೂತೆವು. ಆಮೇಲೆ ಟಾರ್ಚ್ ಹಿಡಿದು ರಕ್ತದ ಜಾಡು ಹಿಡಿದೆವು. ಅವನ ಕೈಯಲ್ಲಿ ಶಾಟ್‌ಗನ್. ಎಲೆಯ ಮೇಲೆ ಒಂದು ಹನಿ, ಆರು ಹೆಜ್ಜೆ ಏನೂ ಇಲ್ಲ, ಮತ್ತೆ ಒಂದು ಹನಿ. ಕೊನೆಗೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿತ್ತು, ಹಲ್ಲು ಮಸೆಯುವ ಕಟಕಟ ಸದ್ದು. ಐದು ಹೆಜ್ಜೆ ದೂರ. ಎರಡನೆಯ ಗುಂಡು ಸರಿಯಾದ ಜಾಗಕ್ಕೇ ಬಿತ್ತು, ಆದರೆ ಆ ಹಂದಿ ಮುಕ್ಕಾಲು ಗಂಟೆ ನರಳಿದ್ದು ನನ್ನ ಅವಸರಕ್ಕೆ. ಹುಡುಗರಿಗೆ ಹೇಳುವಾಗ ಈ ಭಾಗವನ್ನು ನಾನು ಬಿಡುವುದಿಲ್ಲ. ಅವರಿಗೆ ಇದು ಬೇಡ, ಅವರಿಗೆ ಬೇಕಾದದ್ದು ಬರೀ ಢಂ ಅನ್ನುವ ಸದ್ದು.

ಆ ಮೇಲೆ ನಾಲ್ಕು ವರ್ಷದಲ್ಲಿ ಒಂಬತ್ತು ಹಂದಿ ಹೊಡೆದೆ. ಹೊಡೆಯದೆ ವಾಪಸು ಬಂದ ದಿನಗಳೇ ಜಾಸ್ತಿ.

ಮಾಂಸದ ಬಗ್ಗೆಯೂ ಕೇಳುತ್ತಾರೆ. ಅಲ್ಲಿಯ ಹಂದಿಗಳಲ್ಲಿ ಬ್ರುಸೆಲ್ಲೋಸಿಸ್ ರೋಗ ಇರುತ್ತದೆ, ರಕ್ತದಿಂದ ಮನುಷ್ಯನಿಗೂ ಅಂಟುತ್ತದೆ. ಅದಕ್ಕೇ ರಬ್ಬರ್ ಗ್ಲೌಸ್ ಇಲ್ಲದೆ ಕುಯ್ಯಬಾರದು. ಒಳಗಿನವರೆಗೆ 71 ಡಿಗ್ರಿ ಸೆಲ್ಸಿಯಸ್ ಆಗುವಂತೆ ಬೇಯಿಸಬೇಕು. ನಮ್ಮ ಪಂದಿಕರಿ ಹೇಗೂ ಅದಕ್ಕಿಂತ ಜಾಸ್ತಿ ಬೇಯುತ್ತದೆ ಬಿಡಿ. ಊರಿಂದ ಒಯ್ದ ಕಾಚಂಪುಳಿ, ಅಂದರೆ ನಮ್ಮ ಕಪ್ಪು ಹುಳಿರಸ, ಹಾಕಿ ಮಾಡಿದೆ. ಬಣ್ಣ ಬಂತು, ಹುಳಿ ಬಂತು, ರುಚಿ ಮಾತ್ರ ಅರ್ಧ. ಆ ಹಂದಿಯಲ್ಲಿ ಕೊಬ್ಬೇ ಇಲ್ಲ. ಕೊಬ್ಬು, ತೊಗಲು ಇಲ್ಲದ ಪಂದಿಕರಿ ಸುಮ್ನೆ ಸಾರು. ಮುದುಕನಿಗೆ ಅದೇ ಇಷ್ಟವಾಯಿತು, ಮೂರು ಸಲ ಹಾಕಿಸಿಕೊಂಡ.

ಈಗ ಊರಲ್ಲಿದ್ದೇನೆ. ಎರಡು ಎಕರೆ ಗದ್ದೆ, ಸುತ್ತ ಸೋಲಾರ್ ಬೇಲಿ. ಮಳೆಗಾಲದಲ್ಲಿ ಕಳೆ ಬೆಳೆದು ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕೆ ಹೋಗುತ್ತದೆ, ವಾರಕ್ಕೊಮ್ಮೆ ಸವರಲೇಬೇಕು. ಉರುಳು ಹಾಕುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಉರುಳಿಗೆ ಹಂದಿ, ಹುಲಿ, ಪಕ್ಕದ ಮನೆ ನಾಯಿ ಎಲ್ಲ ಒಂದೇ.

ಹೋದ ವರ್ಷ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕೆಲವು ದಿನ ಮುಂಚೆ, ತೆನೆ ತುಂಬಿದ ಹೊತ್ತು, ಅಟ್ಟಣೆಯಲ್ಲಿ ಕೂತಿದ್ದೆ. ಕೈಯಲ್ಲಿ ಟಾರ್ಚ್ ಮಾತ್ರ. ಗಾಳಿ ಮುಖಕ್ಕೆ ಬೀಸುತ್ತಿತ್ತು. ತೋಟದ ಕಡೆಯಿಂದ ಹಿಂಡು ಬಂತು, ಮುಂದೆ ದೊಡ್ಡ ಹೆಣ್ಣು, ಹಿಂದೆ ಆರೇಳು ಮರಿ. ಬೆನ್ನ ಮೇಲಿನ ಜೂಲು ತಿಂಗಳ ಬೆಳಕಿಗೆ ಹೊಳೆಯುತ್ತಿತ್ತು. ಅಭ್ಯಾಸಬಲ, ಮನಸ್ಸಿನಲ್ಲೇ ದೂರ ಅಳೆದೆ. ನಲವತ್ತು. ಮೂವತ್ತೈದು. ಮೂವತ್ತು. ಅಲ್ಲಿಗೆ ಬಂದಾಗ ಟಾರ್ಚ್ ಹಾಕಿ ಜೋರಾಗಿ ಕೂಗಿದೆ. ಒಂದೇ ನೆಗೆತಕ್ಕೆ ಹಿಂಡು ತಿರುಗಿ ತೋಡು ದಾಟಿ ಆಚೆ ಓಡಿತು.

ಆಚೆ ಇರುವುದು ದೊಡ್ಡಪ್ಪನ ಗದ್ದೆ. ಬೆಳಿಗ್ಗೆ ಆರಕ್ಕೇ ಅವರ ಫೋನ್. "ನಿನ್ನ ಹಂದಿಗಳನ್ನು ನಿನ್ನ ಗದ್ದೆಯಲ್ಲೇ ಇಟ್ಟುಕೋ ಮಾರಾಯ."